ಉಡಿಯಲ್ಲಿ ಬಿದ್ದ ಮೋಟಾರು

ನಮ್ಮ ಸೋದರತ್ತೆಯ ಬಲಗೈ ಮಣಿಕಟ್ಟು ಸೊಟ್ಟಗಿತ್ತು. ರೊಟ್ಟಿ ಬಡಿಯುವಾಗ ಆ ಕೈ ಹಿಟ್ಟಿನ ಮೇಲೆ ನೆಟ್ಟಗೆ ಬೀಳದೆ ಓರೆಯಾಗಿ ಬೀಳುತ್ತಿತ್ತು. ಹಾಗಾಗಿ ಆಕೆಯ ರೊಟ್ಟಿ ಒಂದು ಕಡೆ ತೆಳ್ಳಗೆ, ಒಂದು ಕಡೆ ದಪ್ಪ. ಯಾರಾದರೂ ಆಡಿಕೊಂಡರೆ, "ದಪ್ಪ ಕಡಿಂದ ತಿನ್ನು, ಹೊಟ್ಟಿ ಲಗೂ ತುಂಬತದ" ಅನ್ನುತ್ತಿದ್ದಳು. ಕೈಗೆ ಏನಾಯಿತು ಎಂದು ಕೇಳಿದವರಿಗೆ ಒಂದೇ ಉತ್ತರ: "ನಮ್ಮಪ್ಪನ ಮೋಟಾರು ಒದ್ದದ." ಅದನ್ನು ಹೇಳುವಾಗ ಆಕೆಯ ಮುಖ ನೋಡಬೇಕಿತ್ತು. ಬೇರೆ ಹೆಂಗಸರು ಬಂಗಾರ ತೋರಿಸುವಾಗಲೂ ಅಷ್ಟು ಜಂಬ ಪಡುವುದಿಲ್ಲ.

ಆಕೆಯ ಅಪ್ಪ ಅಂದರೆ ನನ್ನ ತಾತ. ಕಲ್ಮಲದವನು, ಕಲ್ಲು ಒಡೆಯುತ್ತ ಒಡೆಯುತ್ತ ರಸ್ತೆ ಕೆಲಸದ ಗುತ್ತೇದಾರನಾದವನು. ತನ್ನ ದೇಶಕ್ಕೆ ಹೊರಟು ನಿಂತ ಒಬ್ಬ ಬಿಳಿ ಇಂಜಿನಿಯರ್ ತನ್ನ ಹಳೆಯ ಮೋಟಾರನ್ನು ತಾತನಿಗೆ ಕೊಟ್ಟುಹೋದ. ಆಗಿನ ಮೋಟಾರುಗಳು ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸದೆ ಚಾಲೂ ಆಗುತ್ತಿರಲಿಲ್ಲ. ಅತ್ತೆ ಹುಡುಗಿಯಿದ್ದಾಗ ಅದನ್ನು ತಿರುಗಿಸಲು ಹೋದಳು, ಹ್ಯಾಂಡಲ್ ತಿರುಗಿ ಬಡಿದು ಎಲುಬು ಮುರಿಯಿತು. ನಾಟಿ ವೈದ್ಯ ಕಟ್ಟಿದ ಕಟ್ಟು ಸೊಟ್ಟಗೇ ಕೂತಿತು.

ಆ ಗಾಡಿಯ ಒಳಗಿನ ಹಲಗೆ ಲಡ್ಡಾಗಿ ಪುಡಿ ಉದುರತೊಡಗಿದಾಗ ತಾತ ಬಡಿಗನನ್ನು ಕರೆಯಲಿಲ್ಲ. ತನಗೆ ಗೊತ್ತಿದ್ದುದು ಕಲ್ಲು. ಎಡಗಡೆ ಕಾಲಿಡುವಲ್ಲಿ ಒಂದು ಶಹಾಬಾದಿ ಕಲ್ಲಿನ ಹಾಸು ಕೂಡಿಸಿ, ಸುತ್ತ ಸೀಸ ಹೊಯ್ದುಬಿಟ್ಟ. ಅಂದಿನಿಂದ ಗಾಡಿ ಎಡಕ್ಕೆ ವಾಲಿಕೊಂಡೇ ಓಡಿತು. "ಕಲ್ಲು ಒಡಿಯೋನು ಮೋಟಾರ್ನಾಗೂ ಕಲ್ಲು ಬಿಡಲಿಲ್ಲ" ಎಂದು ದೊಡ್ಡ ಮನೆಗಳವರು ನಗುತ್ತಿದ್ದರು. ಅವರಿಗೆ ಕಲ್ಲಿನ ಚಿಂತೆಯಿರಲಿಲ್ಲ. ಕಲ್ಲು ಒಡೆಯುವವನ ಮಗಳು ಮೋಟಾರಿನಲ್ಲಿ ಕೂತು ತಮ್ಮ ಬಾಗಿಲ ಮುಂದೆ ಹಾದುಹೋಗುವುದು ಅವರ ಕಣ್ಣಿಗೆ ಚುಚ್ಚುತ್ತಿತ್ತು.

ಅತ್ತೆಯನ್ನು ಜಾಲಹಳ್ಳಿಗೆ ಕೊಟ್ಟರು. ಲಗ್ನದಲ್ಲಿ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಕುಪ್ಪಸದ ಕಣ ಎಲ್ಲ ಬಿದ್ದ ಮೇಲೆ ತಾತ ಎದ್ದು ಬಂದು ಮೋಟಾರಿನ ಹ್ಯಾಂಡಲ್ಲನ್ನೂ ಆಕೆಯ ಉಡಿಯಲ್ಲಿ ಹಾಕಿದ. ಸೀರೆಯ ಸೆರಗು ಜಗ್ಗಿ ಹೋಯಿತಂತೆ. ಬೀಗರು ನಕ್ಕರು. ಆದರೆ ಮುದುಕಿಯರು ನಗಲಿಲ್ಲ, ಹ್ಯಾಂಡಲ್ ಬಿತ್ತೆಂದರೆ ಗಾಡಿಯೇ ಉಡಿಯಲ್ಲಿ ಬಿದ್ದಂತೆ. ನಮ್ಮ ಕಡೆ ಉಡಿಯಲ್ಲಿ ಬಿದ್ದದ್ದು ಆ ಹೆಣ್ಣು ಇರುವತನಕ ಆಕೆಯದೇ. ಗಂಡನೂ ಅದನ್ನು ಕೇಳದೆ ಮುಟ್ಟುವಂತಿಲ್ಲ. ಸತ್ತರೆ ಉಡಿಯದನ್ನು ಹೆಣದ ಜೊತೆ ಇಟ್ಟು ಕಳಿಸುತ್ತಾರೆ.

ಕೆಲವು ವರ್ಷಗಳಲ್ಲಿ ಆಕೆಯ ಗಂಡ ಜ್ವರದಿಂದ ತೀರಿಕೊಂಡ. ಮಕ್ಕಳಿರಲಿಲ್ಲ. ಮೈದುನ, "ತವರಾಗ ನಾಲ್ಕು ದಿನ ಇದ್ದು ಬಾ" ಎಂದು ರಾಯಚೂರಿನ ನಮ್ಮ ಮನೆಗೆ ಕಳಿಸಿದ. ಮತ್ತೆ ಕರೆಯಲು ಬರಲೇ ಇಲ್ಲ. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ, ಗಾಡಿ ಅಲ್ಲೇ ಉಳಿಯಿತು. ಹ್ಯಾಂಡಲ್ ಮಾತ್ರ ಆಕೆಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಬಂದಿತ್ತು. ಮುಂದೊಮ್ಮೆ ಗಾಡಿಯ ವಿಚಾರ ಕೇಳಿದಾಗ ಮೈದುನ ಹೇಳಿ ಕಳಿಸಿದ: "ಗುಜರಿಗಿ ಹಾಕಿದ್ವಿ. ತುಕ್ಕು ಹಿಡಿದಿತ್ತು." ಅತ್ತೆ ನಂಬಿದಳು. ನಂಬಿ ಅತ್ತಳು. ಆ ಅಳು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಯುದ್ಧ ಮುಗಿದ ಮೇಲೆ ನಾನು ಲಗ್ನವಾಗಿ ಮೊದಲ ಸಲ ತವರಿಗೆ ಬಂದಿದ್ದೆ. ನನಗೆ ಬಳೆ ಇಡಿಸಲು ಅತ್ತೆ ಮತ್ತು ನಾನು ಪೇಟೆಗೆ ಹೊರಟಿದ್ದೆವು. ಸ್ಟೇಷನ್ ರಸ್ತೆಯ ಗ್ಯಾರೇಜಿನ ಮುಂದೆ ಒಂದು ಹಳೆಯ ಮೋಟಾರು ಎಡಕ್ಕೆ ವಾಲಿಕೊಂಡು ನಿಂತಿತ್ತು. ಅತ್ತೆ ಅಲ್ಲೇ ನಿಂತಳು. ಯಾರನ್ನೂ ಕೇಳದೆ ಹೋಗಿ ಬಾಗಿಲು ತೆಗೆದು, ಬಗ್ಗಿ, ಒಳಗೆ ಕೈಯಾಡಿಸಿದಳು. ಕಲ್ಲು ಹಾಗೇ ಇತ್ತು.

ಗ್ಯಾರೇಜಿನ ಸಾಹೇಬರು, ಬಿಳಿ ಗಡ್ಡದ ಹಿರಿಯರು, ಹೈದರಾಬಾದಿನಿಂದ ಬಂದ ಗಿರಾಕಿಗೆ ಗಾಡಿಯ ಕುಲಗೋತ್ರ ಹೇಳುತ್ತಿದ್ದರು. "ಖಾಂದಾನಿ ಗಾಡಿ ಅದ ಸಾಬ್. ಮೊದ್ಲು ದೇವದುರ್ಗದ ಕಡಿ ದೇಸಾಯರದು. ಆಮ್ಯಾಲ ಮಾನ್ವಿ ಹತ್ತಿ ಗಿರಣಿ ಸಾಹುಕಾರ್ದು."

"ಅದಕ್ಕ ಮುಂಚೆ?" ಎಂದಳು ಅತ್ತೆ.

"ಮುಂಚೆ ಯಾರಿಲ್ಲ ಬೇಟಿ. ದೇಸಾಯರದೇ."

"ದೇಸಾಯರು ಹಡದ್ರೇನು ಇದನ್ನ?"

ಗಿರಾಕಿ ನಕ್ಕುಬಿಟ್ಟ. ಸಾಹೇಬರು ನಗಲಿಲ್ಲ. ಅತ್ತೆ ಮತ್ತೆ ಕೇಳಿದಳು: "ಇದರ ಹ್ಯಾಂಡಲ್ ಎಲ್ಲದ?"

"ಅದು ಬಂದಿಲ್ಲ. ಕಮ್ಮಾರನ ಕಡಿಂದ ಮಾಡ್ಸೀನಿ."

ಮರುದಿನ ಅತ್ತೆ ಟ್ರಂಕಿನಿಂದ ಹ್ಯಾಂಡಲ್ ತೆಗೆದುಕೊಂಡು ಹೋಗಿ ಅವರ ಮುಂದೆಯೇ ಗಾಡಿಯ ಮೂತಿಗೆ ಹಾಕಿದಳು. ಅಳತೆ ತಪ್ಪದೆ ಕೂತಿತು. ಸಾಹೇಬರು ಬಗ್ಗಿ ಅದನ್ನು ಒಮ್ಮೆ ತಿರುಗಿಸಿ ನೋಡಿ, "ನಾ ಮಾನ್ವಿ ಸಾಹುಕಾರ್ ಹತ್ರ ತಗೊಂಡೀನಿ. ನೀ ಹೋಗಿ ಕೇಳಿ ಬಾ. ಅಲ್ಲಿತನ ಈ ಗಾಡಿ ಯಾರಿಗೂ ಕೊಡಂಗಿಲ್ಲ" ಎಂದರು.

ಮನೆಯಲ್ಲಿ ನಮ್ಮಪ್ಪನಿಗೆ ಇದು ಬೇಡವಾಗಿತ್ತು. "ಹೋದದ್ದು ಹೋತು. ಬೀಗರ ಕೂಡ ಯಾಕ ಜಗಳ?"

"ಗಾಡಿ ಹೋದ್ರ ಹೋಗ್ಲೋ. ಗುಜರಿಗಿ ಹಾಕೀವಿ ಅಂದವ್ರು ಯಾಕಂದ್ರು? ನಮ್ಮಪ್ಪನ ಹೆಸರು ಯಾರ ಕೈಯಾಗ ಅಳಿಸಿ ಹೋತು? ನನಗ ಅದು ಗೊತ್ತಾಗಬೇಕು" ಎಂದಳು ಅತ್ತೆ. ಒಬ್ಬಳೇ ಹೋಗುವುದು ಬೇಡವೆಂದು ನನ್ನನ್ನು ಜೊತೆಗೆ ಕಳಿಸಿದರು.

ಇದ್ದಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಕೆಮ್ಮುತ್ತ ಮಾನ್ವಿ ಮುಟ್ಟಿಸಿತು. ಗಿರಣಿ ಸಾಹುಕಾರರು ಮೀಸೆಯ ಮೇಲೆಲ್ಲ ಹತ್ತಿಯ ಎಳೆ ಅಂಟಿಸಿಕೊಂಡು ಕೂತಿದ್ದರು. ಒಳ್ಳೆಯ ಮನುಷ್ಯ, ಬಚ್ಚಿಡಲಿಲ್ಲ. "ದೇಸಾಯರಿಗಿ ಎತ್ತಿನ ಜೋಡಿ ಕೊಟ್ಟು ಬದಲಿ ತಗೊಂಡೀನವ್ವಾ. ಹ್ಯಾಂಡಲ್ ಕೊಡಲಿಲ್ಲ. ದಿನಾ ಹಮಾಲರ ಕಡಿಂದ ನೂಕಿಸಿ ಚಾಲೂ ಮಾಡಸ್ತಿದ್ದೆ. ಕೇಳಿದ್ರ, ಅದು ಹೆಣದ ಕೂಡ ಹೋತು ಅಂದ್ರು."

"ಯಾರ ಹೆಣ?"

"ಅದ್ಯಾರೋ ಹೆಣ್ಮಗಳದಂತ. ನಾ ಕೇಳಲಿಲ್ಲ."

ಅತ್ತೆ ಸೀರೆಯ ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದ ಹ್ಯಾಂಡಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ನನಗೆ ತಿಳಿಯಿತು, ಆಕೆಗೂ ತಿಳಿಯಿತು. ಅಲ್ಲಿಂದ ದೇವದುರ್ಗದ ಕಡೆ ಹೊರಟೆವು.

ದೇಸಾಯರ ವಾಡೆಯಲ್ಲಿ ಅದು ಪೂರ್ತಿ ಹೊರಬಿತ್ತು. ಜಾಲಹಳ್ಳಿಯ ಸೊಸೆ ಎಂದು ಹೇಳಿದ ಕೂಡಲೇ ದೇಸಾಯರು ಕೂತಲ್ಲಿಂದ ಎದ್ದು ನಿಂತರು. "ನಿನ್ನ ಮೈದುನ ಇಲ್ಲೇ ನಿಂತು ಕಣ್ಣೀರು ಹಾಕಿದನಲ್ಲವ್ವಾ. ಅತ್ತಿಗಿ ತೀರಿಕೊಂಡ್ಲು, ಹ್ಯಾಂಡಲ್ ಹೆಣದ ಕೂಡ ಇಟ್ವಿ, ಗಾಡಿ ನಿಮಗ ನಜರು ಅಂದ. ಬದುಕಿದ್ದ ಹೆಣ್ಮಗಳ ಉಡೀದು ಮುಟ್ಟೋ ಮಂದಿ ನಾವಲ್ಲ. ಕೇಳೇ ತಗೊಂಡೀವಿ." "ನಿನ್ನ ತಿಥಿ ದಿನಕ್ಕ ಒಂದು ಚೀಲ ಜೋಳಾನೂ ಕಳಿಸಿದ್ವಿ" ಎಂದರು.

ನಜರು ಎಂದರೆ ದೊಡ್ಡವರಿಗೆ ಒಪ್ಪಿಸುವ ಕಾಣಿಕೆ. ಆ ಕಾಣಿಕೆಗೆ ಮೈದುನನಿಗೆ ಸಿಕ್ಕಿದ್ದು ದೇಸಾಯರ ವಶೀಲಿಯಿಂದ ಬಂದ ರಸ್ತೆ ಕೆಲಸದ ಗುತ್ತಿಗೆ. ನಮ್ಮ ತಾತ ಕಲ್ಲು ಒಡೆದು ಮೇಲೆ ಬಂದ ಕಸುಬಿಗೆ ಇವನು ತಾತನ ಮಗಳನ್ನು ಕೊಂದು ಬಂದ.

ಜಾಲಹಳ್ಳಿಯಲ್ಲಿ ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ನಾಲ್ಕು ಹಿರಿಯರ ಜೊತೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಅತ್ತೆ ಎದುರಿಗೆ ಹೋಗಿ ನಿಂತಳು.

"ನಾ ಯಾವ ಬ್ಯಾನಿಯಿಂದ ಸತ್ತೆ, ಹೇಳು."

ಅವನು ಕೈಯಲ್ಲಿನ ಎಲೆ ಕೆಳಗಿಟ್ಟ.

"ನನ್ನ ದಿನದ ಜೋಳ ಯಾರು ಉಂಡ್ರು? ನೀ ಉಂಡ್ಯಾ, ನಿನ್ನ ಹೆಂಡ್ತಿ ಮಕ್ಕಳಿಗೂ ಉಣಿಸಿದ್ಯಾ? ನಾ ರಾಯಚೂರಾಗ ರೊಟ್ಟಿ ಬಡಿಯಾಕತ್ತಿದ್ದೆ, ನೀ ಇಲ್ಲಿ ನನ್ನ ದಿನದ ರೊಟ್ಟಿ ಮುರಿಯಾಕತ್ತಿದ್ದಿ."

"ನಾಲ್ಕು ಮಂದ್ಯಾಗ ಮರ್ಯಾದಿ ಕಳೀಬ್ಯಾಡ ಅತ್ತಿಗಿ. ಬಾಯಿಮಾತಿಗಿ ಅಂದಿದ್ದೆ," ಎಂದ. ಹಾಗೆಂದು ಸುಮ್ಮನಿರಬೇಕಿತ್ತು. ಮುಂದುವರಿದ: "ಗಂಡ ಹೋದ ಹೆಣ್ಮಗಳಿಗಿ ಇನ್ಯಾರು ಉಡಿ ತುಂಬ್ತಾರ? ನೀ ಇದ್ರೂ ಅಷ್ಟಾ, ಸತ್ರೂ ಅಷ್ಟಾ."

ಕಟ್ಟೆಯ ಮೇಲಿದ್ದ ಹಿರಿಯರಲ್ಲಿ ಒಬ್ಬರಾದರೂ ಅವನ ಬಾಯಿ ಮುಚ್ಚಿಸಲಿಲ್ಲ. ಒಬ್ಬ ಮುದುಕ ಅತ್ತೆಗೇ ಬುದ್ಧಿ ಹೇಳಿದ: "ಆತು ಬಿಡವ್ವಾ. ಮಾತಿಗಿ ಅಂದಾನ."

"ಮಾತಿಗಿ ಅಂದದ್ದಕ್ಕ ಗಾಡಿ ಹೋತು ಯಪ್ಪಾ. ಇನ್ನೊಂದು ಮಾತು ಅನ್ಲಿ. 'ನಮ್ಮ ಅತ್ತಿಗಿ ಬದುಕ್ಯಾಳ, ಗಾಡಿ ಆಕಿದು' ಅಂತ ಅನ್ಲಿ. ಅಷ್ಟಾ ಸಾಕು, ನಾ ಹೋಗ್ತೀನಿ."

ಅವನು ಅನ್ನಲಿಲ್ಲ. ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟಳು. ಬೇಸಿಗೆಯ ಬಿಸಿಲು, ಬೆಳಗಿನಿಂದ ನಾವು ಏನೂ ಕುಡಿದಿರಲಿಲ್ಲ. ನನ್ನ ಕೈ ತಂಬಿಗೆಯ ಕಡೆ ಹೋದದ್ದು ನಿಜ. ಅತ್ತೆ ಹಿಡಿದು ಎಳೆದಳು. "ಸತ್ತವರ ಮನಿಯಾಗ ನೀರು ಕುಡಿಬಾರದು, ನಡಿ."

ರಾಯಚೂರಿಗೆ ಬಂದಾಗ ಗ್ಯಾರೇಜಿನ ಸಾಹೇಬರು ಎಲ್ಲ ಕೇಳಿಸಿಕೊಂಡು, "ಗಾಡಿ ಒಯ್ತೀಯೇನು ಬೇಟಿ?" ಎಂದರು.

"ಒಯ್ದು ಏನು ಮಾಡ್ಲಿ? ಸತ್ತೋಳ ಗಾಡಿ ಅಂತ ಊರೂರು ತಿರುಗ್ಯಾದ. ಮಾರ್ರಿ. ಆದ್ರ ಯಾರದು ಅಂತ ಕೇಳಿದ್ರ ಮೊದಲಿಂದ ಹೇಳ್ರಿ."

ಅವರು ಹೇಳಿದರು. ಹೈದರಾಬಾದಿನವನು ಮತ್ತೆ ಬಂದಾಗ ನಾನೇ ಕೇಳಿದ್ದೇನೆ: "ಕಲ್ಮಲದ ಗುತ್ತೇದಾರರ ಗಾಡಿ ಸಾಬ್, ಅವರ ಮಗಳ ಉಡೀದು. ಆಮ್ಯಾಲ ಒಬ್ಬ ಕದ್ದ. ಆಮ್ಯಾಲ ದೇಸಾಯರು, ಸಾಹುಕಾರ್, ನಾನು." ಅತ್ತೆ ದೂರದಲ್ಲಿ ನಿಂತು ತಲೆಯಾಡಿಸಿದಳು. ಅಷ್ಟರಿಂದ ಸಿಟ್ಟು ಹೋಯಿತೆಂದು ಯಾರಾದರೂ ತಿಳಿದರೆ ಅದು ತಪ್ಪು. ಆಕೆಯದು ಹೋಗಲಿಲ್ಲ. ಅದರಲ್ಲಿ ಅರ್ಧ ನನಗೂ ಕೊಟ್ಟಳು. ಇಂಥವರದು, ಅಂಥವರದು ಎಂದು ಯಾರಾದರೂ ಹೊಲ ತೋರಿಸಿದರೂ, ಭಾಂಡೆ ತೋರಿಸಿದರೂ, ಅದಕ್ಕೆ ಮುಂಚೆ ಯಾರದಿತ್ತು ಎಂದು ಕೇಳುವ ಚಟ ನನಗೆ ಹತ್ತಿದ್ದು ಆಕೆಯಿಂದ. ಈ ಚಟದಿಂದ ನನಗೆ ನಂಟರು ಕಡಿಮೆಯಾಗಿದ್ದಾರೆ, ಬೇಸರವಿಲ್ಲ.

ಬಹಳ ವರ್ಷಗಳ ಮೇಲೆ ಅತ್ತೆ ರಾಯಚೂರಿನ ನಮ್ಮ ತವರುಮನೆಯಲ್ಲೇ ಕಣ್ಣುಮುಚ್ಚಿದಳು. ಕೊನೆಯ ದಿನಗಳಲ್ಲಿ ನನ್ನನ್ನು ಹತ್ತಿರ ಕರೆದು ಹೇಳಿದ್ದಳು: "ಜಾಲಹಳ್ಳಿಯವ್ರು ಬಂದ್ರ ಹೆಗಲು ಕೊಡಾಕ ಬಿಡಬ್ಯಾಡ." ಸುದ್ದಿ ಕೇಳಿ ಅವರು ಬಂದರು. ಮೈದುನ ಮುದುಕನಾಗಿದ್ದ, ಕೋಲು ಊರಿಕೊಂಡಿದ್ದ. ಹಿಂದೆ ಇಬ್ಬರು ಗಂಡುಮಕ್ಕಳು, ಕೈಯಲ್ಲಿ ಹೂವಿನ ಹಾರ. ನಮ್ಮ ಓಣಿಯವರೆಲ್ಲ ದಾರಿ ಬಿಟ್ಟರು. ಸಾವಿನ ಮನೆಯಲ್ಲಿ ಹಗೆ ಇಟ್ಟುಕೊಳ್ಳಬೇಡ ಎಂದು ನಮ್ಮಪ್ಪ ಹಿಂದಿನಿಂದ ಮೆಲ್ಲಗೆ ಅಂದ. ನಾನು ಹೊಸ್ತಿಲ ಮೇಲೆ ನಿಂತೆ, ಎರಡೂ ಕೈ ಬಾಗಿಲಿಗೆ ಅಡ್ಡ ಇಟ್ಟೆ.

"ನಿಮ್ಮ ಪಾಲಿನ ಹೆಣ ಜಾಲಹಳ್ಳ್ಯಾಗ ಎಂದೋ ಎತ್ತೀರಿ," ಎಂದೆ. "ಇದು ನಮ್ಮದು."