ಒಲೆ ಹಚ್ಚದ ಮನೆ

ನಮ್ಮ ಹೊಗೆಸೊಪ್ಪಿನ ಬ್ಯಾರನ್ನಿಗೆ ಬೆಂಕಿ ಬಿದ್ದಾಗ ನಾನು ರಾವಂದೂರಿನ ಹತ್ತಿರದ ಆ ಊರಿಗೆ ಸೊಸೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಪಿರಿಯಾಪಟ್ಟಣದ ಕಡೆ ಆಗ ಸ್ವಲ್ಪ ಖುಷ್ಕಿ ಜಮೀನಿದ್ದವರೂ ಹೊಗೆಸೊಪ್ಪು ಹಾಕುತ್ತಿದ್ದರು. ಹಸಿ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಮಣ್ಣಿನ ಕೋಣೆಯೊಳಗೆ ಮೇಲಿಂದ ಕೆಳಗಿನವರೆಗೆ ನೇತುಹಾಕುತ್ತಿದ್ದರು. ಹೊರಗೆ ಸೌದೆ ಉರಿಸಿದರೆ ಅದರ ಕಾವು ತಗಡಿನ ಕೊಳವೆಗಳಲ್ಲಿ ಒಳಗೆ ಹರಿದು ಎಲೆ ಬೇಯುತ್ತಿತ್ತು.

ಆ ಉರಿ ನೋಡಿಕೊಳ್ಳಲು ವೀರನಹೊಸಹಳ್ಳಿ ಕಡೆಯ ಕಾಡಿನವರ ಹಾಡಿಯಿಂದ ಒಬ್ಬ ಬರುತ್ತಿದ್ದ. ಸೊಪ್ಪು ಬೇಯಿಸುವ ಕಾಲ ಮುಗಿಯುವ ತನಕ ಬ್ಯಾರನ್ನಿನ ಪಕ್ಕದ ಚಪ್ಪರದಲ್ಲೇ ಇರುತ್ತಿದ್ದ. ನನ್ನ ಗಂಡನೂ ಅವನೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ನನ್ನ ಗಂಡ ಅವನ ಪಕ್ಕ ಕೂತು ಬೀಡಿ ಸೇದುತ್ತ ಗಟ್ಟಿಯಾಗಿ ನಗುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಹೊಸ ಹೆಂಡತಿಗೆ ಅದರಿಂದ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಒಂದು ಮಧ್ಯಾಹ್ನ ಮೇಲಿನ ಸಾಲಿನ ಕಡ್ಡಿಯೊಂದು ಜಾರಿ ಕಾದ ಕೊಳವೆಯ ಮೇಲೆ ಬಿತ್ತು. ಅದನ್ನು ಎಳೆದುಹಾಕಲು ಅವನು ಬಾಗಿಲು ತೆಗೆದು ಒಳಗೆ ನುಗ್ಗಿದ. ಗಾಳಿ ಸಿಕ್ಕಿದ್ದೇ ತಡ, ಒಣಗಿದ ಎಲೆಯೆಲ್ಲ ಹೊತ್ತಿಕೊಂಡಿತು. ಹಿತ್ತಲಲ್ಲಿದ್ದ ನಾನು ಓಡಿಬರುವಷ್ಟರಲ್ಲಿ ನನ್ನ ಗಂಡ ಒಳಗೆ ಹೋಗಿ, ಒಬ್ಬರೇ ಹೊರಗೆ ಬಂದು ಬಿದ್ದಿದ್ದರು. ಆಮೇಲೆ ಸೂರು ಕುಸಿಯಿತು. ಅವನನ್ನು ಹಾಡಿಯವರು ಬಂದು ಒಯ್ದು ಮಣ್ಣು ಮಾಡಿದರು. ಅವನ ಹೆಂಡತಿ ಕೊಡಗಿನ ತೋಟವೊಂದರಲ್ಲಿ ಕಳೆ ಕೀಳುವ ಕೂಲಿಗೆ ಹೋಗಿದ್ದಳಂತೆ. ಅವಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನನ್ನ ಗಂಡನ ಅಂಗೈ ಸುಟ್ಟ ಗಾಯ ಮಾಯಿತು. ಊರಿನವರು ಬಂದು ನೋಡಿ, ದೇವರು ದೊಡ್ಡವನು, ಜೀವ ಉಳಿಯಿತು ಎಂದು ಹೇಳಿ ಹೋದರು. ನಾನೂ ಹಾಗೇ ಅಂದುಕೊಂಡಿದ್ದೆ. ಅವರು ಎದ್ದು ಓಡಾಡುವಂತಾದ ಮೇಲೆ ಒಂದು ಬೆಳಗ್ಗೆ ನಾನು ಒಲೆ ಹಚ್ಚಿದೆ. ಪುಳ್ಳೆ ಚಟಚಟ ಅಂದದ್ದೇ ಅವರು ನಡುಮನೆಯಿಂದ ಬಂದು, ನೀರಿನ ಕೊಡವನ್ನು ಎತ್ತಿ ಒಲೆಗೆ ಸುರಿದುಬಿಟ್ಟರು. ಮೈಯೆಲ್ಲ ಬೆವೆತಿತ್ತು. ನನ್ನ ಮುಖ ನೋಡಿದರೂ ನಾನು ಯಾರೆಂದು ಅವರಿಗೆ ತಿಳಿದಂತಿರಲಿಲ್ಲ.

ಅಲ್ಲಿಂದ ನಮ್ಮ ಮನೆಯಲ್ಲಿ ಒಲೆ ಹೊತ್ತಿಸುವುದು ನಿಂತುಹೋಯಿತು. ನಾನು ಪಕ್ಕದ ಮನೆಯಲ್ಲಿ ಮುದ್ದೆ ಬೇಯಿಸಿಕೊಂಡು, ಆರಿಸಿ ತರುತ್ತಿದ್ದೆ. ಬಿಸಿ ಅನ್ನದ ಹಬೆ ಕಂಡರೂ ಅವರು ತಟ್ಟೆ ತಳ್ಳುತ್ತಿದ್ದರು. ನಮ್ಮತ್ತೆ ದಿನಾ ಲಿಂಗಪೂಜೆ ಮಾಡುವವರು. ಅವರು ದೀಪ ಹಚ್ಚುವುದೂ ನಿಂತಿತು. ಸಂಜೆಯಾದರೆ ನಾವು ಮೂವರು ಮೂರು ಮೂಲೆ ಹಿಡಿದು ಕೂತಿರುತ್ತಿದ್ದೆವು. ನನ್ನ ಗಂಡ ಹೊಲಕ್ಕೆ ಹೋಗುತ್ತಿರಲಿಲ್ಲ, ಯಾರಾದರೂ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಬರುವವರೂ ಕಡಿಮೆಯಾದರು. ಪಕ್ಕದ ಮನೆಯಾಕೆ ಬಾಯಿಬಿಟ್ಟು ಏನೂ ಅನ್ನದಿದ್ದರೂ, ನಾನು ಹಿಟ್ಟಿನ ಡಬ್ಬ ಹಿಡಿದು ಹೋದಾಗ ಮುಖ ತಿರುಗಿಸಿಕೊಳ್ಳಲು ಶುರುಮಾಡಿದರು.

"ಸತ್ತೋನು ಇಡ್ಕಂಡವ್ನೆ ಕಣವ್ವ, ಬುಡ್ತಾ ಇಲ್ಲ" ಎಂದರು ಅತ್ತೆ. ನನಗೆ ಬೇರೆ ಏನು ಗೊತ್ತಿತ್ತು? ಹೂಂ ಅಂದೆ. ಗಾಳಿ ಬಿಡಿಸುವವನೊಬ್ಬನನ್ನು ಕರೆಸಿದರು. ಅವನು ನನ್ನ ಗಂಡನನ್ನು ಕಂಬಕ್ಕೆ ಒರಗಿಸಿ ಕಟ್ಟಿ, ಕೆಂಡದ ಮೇಲೆ ಮೆಣಸಿನಕಾಯಿ ಹಾಕಿ ಹೊಗೆಯನ್ನು ಮುಖಕ್ಕೆ ಹಿಡಿದ. ಅವರು ಕೂಗಿದ ಆ ಕೂಗನ್ನು ಮನುಷ್ಯರ ಗಂಟಲಿನಿಂದ ನಾನು ಮತ್ತೆಂದೂ ಕೇಳಿಲ್ಲ. ಹಗ್ಗ ಕಿತ್ತುಕೊಂಡು ಓಡಿದರು. ಊರಿನವರು ಹುಡುಕಿದಾಗ ಕೆರೆಯಲ್ಲಿ ಕತ್ತಿನವರೆಗೆ ನೀರಿನಲ್ಲಿ ನಿಂತಿದ್ದರು. ಹೊರಗೆ ಬನ್ನಿ ಎಂದು ಎಷ್ಟು ಕರೆದರೂ ಬರಲಿಲ್ಲ. ಕೊನೆಗೆ ನಾನೇ ಉಟ್ಟ ಸೀರೆಯಲ್ಲೇ ನೀರಿಗಿಳಿದು ಅವರ ಪಕ್ಕ ನಿಂತೆ. ತುಂಬ ಹೊತ್ತಾದ ಮೇಲೆ, ಚಳಿಗೆ ನಾನು ನಡುಗುವುದನ್ನು ನೋಡಿ, ಕೈಹಿಡಿದು ದಡಕ್ಕೆ ಕರೆದುಕೊಂಡು ಬಂದರು.

ನನ್ನ ತವರು ಹನಗೋಡಿನ ಕಡೆ. ಅಣ್ಣ ಬಂದು ನಮ್ಮಿಬ್ಬರನ್ನೂ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದ. ಅಲ್ಲಿ ಕಟ್ಟಿಹಾಕಿಬಿಡುತ್ತಾರೆ ಎಂದು ದಾರಿಯುದ್ದಕ್ಕೂ ನನಗೆ ಭಯ. ಡಾಕ್ಟರು ಕಟ್ಟಲಿಲ್ಲ. ಏನಾಯಿತೆಂದು ನನ್ನಿಂದ ಮೊದಲಿನಿಂದ ಕೇಳಿದರು. ಆಮೇಲೆ, "ಇವರಿಗೆ ಹುಚ್ಚಲ್ಲಮ್ಮ. ದೆವ್ವವೂ ಅಲ್ಲ. ಬೆಂಕಿ ಆರಿದೆ ಅಂತ ನಿಮಗೆ ಗೊತ್ತು, ಇವರ ಮನಸ್ಸಿಗೆ ಇನ್ನೂ ಗೊತ್ತಾಗಿಲ್ಲ" ಅಂದರು. ಮಾತ್ರೆ ಕೊಟ್ಟರು. ಹೆದರಿಸಬೇಡಿ, ಒಬ್ಬರನ್ನೇ ಬಿಡಬೇಡಿ, ಅವರಾಗಿ ಹೇಳಿಕೊಳ್ಳಲು ಬಂದರೆ ತಡೆಯದೆ ಕೇಳಿ ಎಂದು ಹೇಳಿ ಕಳಿಸಿದರು.

ಹುಚ್ಚಲ್ಲ ಎಂಬ ಒಂದು ಮಾತು ಹಿಡಿದುಕೊಂಡು ಊರಿಗೆ ಬಂದೆ. ಆದರೆ ಮನೆ ಹಾಗೇ ಇತ್ತು. ಮಾತ್ರೆ ನುಂಗಿ ಅವರು ಸ್ವಲ್ಪ ಮಲಗುತ್ತಿದ್ದರು, ಅಷ್ಟೆ. ಬಾಯಿ ಬಿಡಲಿಲ್ಲ. ನಾನು ಪಕ್ಕದಲ್ಲಿ ಕೂತು ಕಾದೆ, ಬೇಡಿದೆ, ಒಂದು ಸಲ ರೇಗಿ ಅವರ ಭುಜ ಹಿಡಿದು ಅಲ್ಲಾಡಿಸಿದೆ. ಅವರನ್ನು ಒಬ್ಬರನ್ನೇ ಬಿಡಬೇಡಿ ಎಂದಿದ್ದ ಡಾಕ್ಟರಿಗೆ ನನ್ನ ಬಗ್ಗೆ ಹೇಳಲು ನೆನಪಾಗಿರಲಿಲ್ಲ. ನೀರಿಗೆ ಹೋದವಳು ಬಾವಿಕಟ್ಟೆಯ ಮೇಲೆ ಕೂತು ಕೆಳಗೆ ನೋಡುತ್ತ ಇದ್ದುಬಿಡುತ್ತಿದ್ದೆ. ಸಾಯಬೇಕೆಂದು ಸ್ಪಷ್ಟವಾಗಿ ಅಂದುಕೊಂಡಿರಲಿಲ್ಲ. ಆದರೆ ಎದ್ದು ಮನೆಗೆ ಹೋಗಲು ಕಾರಣವೂ ಹೊಳೆಯುತ್ತಿರಲಿಲ್ಲ.

ಆ ದಿನಗಳಲ್ಲೇ ಸತ್ತವನ ಹೆಂಡತಿ ಬಂದಳು. ಬೆಳಗ್ಗೆ ನೋಡಿದರೆ ಜಗಲಿಯ ಮೇಲೆ ಕೂತಿದ್ದಾಳೆ. ಯಾರೆಂದು ತಿಳಿದದ್ದೇ ಅತ್ತೆ ಒಳಗೆ ಸೇರಿಕೊಂಡರು. ಶಾಪ ಹಾಕಲು ಬಂದಿದ್ದಾಳೆ ಎಂದೇ ನಾನೂ ತಿಳಿದೆ. ಅವಳು ನನ್ನ ಗಂಡನನ್ನು ನೋಡಬೇಕು ಅಂದಳು. ಅವರು ಹಿತ್ತಲಿಗೆ ಹೋಗಲು ಎದ್ದಿದ್ದರು. ಅವಳ ದನಿ ಕೇಳಿ ನಿಂತರು, ಬಂದು ಜಗಲಿಯ ಇನ್ನೊಂದು ತುದಿಯಲ್ಲಿ ಕೂತರು.

"ನಂಗ್ಯಾರೂ ಏಳ್ನಿಲ್ಲ" ಅಂದಳು ಅವಳು. "ಬಂದಾಗ ಮಣ್ಣೇ ಇತ್ತು. ನೀವು ಅಲ್ಲಿದ್ರಿ. ಅವ್ನು ಕೂಗುದ್ನಾ?"

ಆ ಪ್ರಶ್ನೆಯನ್ನು ತಡೆಯಬೇಕೆಂದು ಬಾಗಿಲ ಹತ್ತಿರ ನಿಂತಿದ್ದ ನನಗೆ ಅನ್ನಿಸಿತು. ಡಾಕ್ಟರು ಹೇಳಿದ್ದು ನೆನಪಾಗಿ ಸುಮ್ಮನಿದ್ದೆ.

"ಕೂಗ್ದ" ಅಂದರು ನನ್ನ ಗಂಡ. ಎಷ್ಟೋ ದಿನಗಳ ಮೇಲೆ ಬಂದ ಮಾತು ಅದು. "ನನ್ನೇ ಕೂಗ್ದ. ಕೈ ಸಿಕ್ಕಿತ್ತು. ಇಡ್ಕಂಡಿದ್ದೆ. ಜಾರೋಯ್ತು."

"ಅಂಗಾರೆ ಅವ್ನು ಒಬ್ನೇ ಇರ್ನಿಲ್ಲ" ಅಂದಳು.

ನನ್ನ ಗಂಡ ಅಳಲು ಶುರುಮಾಡಿದರು. ಅವಳೂ ಅತ್ತಳು. ಒಳಗಿನಿಂದ ಅತ್ತೆ ಒಂದು ಚೊಂಬು ಮಜ್ಜಿಗೆ ತಂದು ಅವಳ ಮುಂದಿಟ್ಟು, ತಾವೂ ಅಲ್ಲೇ ಕೂತರು. ಸಂಜೆಯಾಗುವ ಮುಂಚೆ ಹೊರಡುವಾಗ, ಹಾಡಿಗೆ ಬನ್ನಿ, ಅವನ ತಾಯಿಗೂ ಇದನ್ನು ಹೇಳಿ ಎಂದಳು. ಸ್ವಲ್ಪ ದಿನ ಬಿಟ್ಟು ನಾವು ಹೋದೆವು. ಅಲ್ಲಿ ಹತ್ತಾರು ಜನ ಸುತ್ತ ಕೂತು ನನ್ನ ಗಂಡ ಹೇಳಿದ್ದನ್ನು ಕೇಳಿದರು. ಯಾರೂ ಅವರನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೇಳಿ ಮುಗಿಯುವವರೆಗೆ ಯಾರೂ ಎದ್ದು ಹೋಗಲಿಲ್ಲ.

ಅದರಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಅತ್ತೆಯ ದೀಪಕ್ಕೆ, ಆಮೇಲೆ ಒಲೆಗೆ ಒಪ್ಪಿಗೆ ಸಿಗಲು ವರ್ಷವೇ ಹಿಡಿಯಿತು. ಸೊಪ್ಪು ಬೇಯಿಸುವ ಕಾಲದಲ್ಲಿ ಊರಿಗೆಲ್ಲ ಆ ವಾಸನೆ ಹಬ್ಬಿದಾಗ ಅವರು ಮತ್ತೆ ಮೂಲೆ ಸೇರುತ್ತಿದ್ದರು. ನಾವು ಹೊಗೆಸೊಪ್ಪು ಬಿಟ್ಟು ರಾಗಿ, ಅವರೆ ಬೆಳೆಗೆ ಮರಳಿದೆವು.

ಎಪ್ಪತ್ತರ ದಶಕದಲ್ಲಿ ಹುಣಸೂರಿಗೆ ತಿಂಗಳಿಗೊಂದು ಸಲ ಮನಸ್ಸಿನ ಕಾಯಿಲೆಯ ಡಾಕ್ಟರು ಬರಲು ಶುರುಮಾಡಿದರು. ಮೈಸೂರಿನವರೆಗೆ ಹೋಗುವುದು ತಪ್ಪಿತು. ಕಾಯಿಲೆಯವರನ್ನು ಒಳಗೆ ಕಳಿಸಿ ನಾವು ಹೆಂಗಸರು ವರಾಂಡದಲ್ಲಿ ಕಾಯುತ್ತಿದ್ದೆವು. ಮೊದಮೊದಲು ಎಲ್ಲರೂ ತಲೆಯ ಮೇಲೆ ಸೆರಗೆಳೆದುಕೊಂಡು ಗೋಡೆ ನೋಡುತ್ತಿದ್ದೆವು. ಒಂದು ದಿನ ಹೆಗ್ಗಡದೇವನಕೋಟೆಯಿಂದ ಮಗಳನ್ನು ಕರೆತರುತ್ತಿದ್ದ ಹೆಂಗಸು ನನ್ನ ಕಡೆ ತಿರುಗಿ, "ನಿಮ್ಮನೇಲೂ ರಾತ್ರಿ ಎದ್ದು ಕೂತ್ಕತಾರಾ?" ಎಂದು ಕೇಳಿದರು. ಹೌದು ಅಂದೆ. ಅಷ್ಟು ಕೇಳಲು ಒಬ್ಬರಿದ್ದಾರೆ ಅಂತಾದ ಮೇಲೆ ಮುಂದಿನ ತಿಂಗಳಿಗಾಗಿ ನಾನು ಕಾಯತೊಡಗಿದೆ. ಬರಬರುತ್ತ ಐದಾರು ಜನ ಒಂದು ಕಡೆ ಕೂರುತ್ತಿದ್ದೆವು. ಬಾವಿಕಟ್ಟೆಯ ವಿಷಯ ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲಿ.

ಆಮೇಲೆ ಡಾಕ್ಟರಿಗೆ ವರ್ಗವಾಯಿತು. ಅವರ ಜಾಗಕ್ಕೆ ತುಂಬ ದಿನ ಯಾರೂ ಬರಲಿಲ್ಲ. ಮಾತ್ರೆಗಾಗಿ ಮತ್ತೆ ಮೈಸೂರಿನ ಬಸ್ಸು. ನಾವು ಹೆಂಗಸರು ಮಾತ್ರ ಸಂತೆಯ ನೆಪ ಮಾಡಿಕೊಂಡು ಹುಣಸೂರಿನಲ್ಲಿ ಸೇರುವುದನ್ನು ಬಿಡಲಿಲ್ಲ. ಒಂದು ಸಂತೆಗೆ ಕೆ.ಆರ್. ನಗರದ ಹತ್ತಿರದಿಂದ ಬರುತ್ತಿದ್ದಾಕೆ ಬರಲಿಲ್ಲ. ಅವರ ಗಂಡ ಲಾರಿ ಉರುಳಿದ್ದರಲ್ಲಿ ಬದುಕಿ ಉಳಿದವರು, ಮಾತ್ರೆ ನಿಂತು ಬಹಳ ದಿನವಾಗಿತ್ತು. ಆಕೆಯ ಗಂಡ ನಾಲೆಗೆ ಬಿದ್ದು ತೀರಿಕೊಂಡರೆಂದು ಬಸ್ಸಿನಲ್ಲಿ ಬಂದ ಯಾರೋ ಹೇಳಿದರು.

ನಾವು ಸಂತೆ ಮಾಡದೆ ಕೆ.ಆರ್. ನಗರದ ಬಸ್ಸು ಹತ್ತಿದೆವು. ಅವರ ಮನೆಗೆ ಯಾರೂ ಬಂದಿರಲಿಲ್ಲ. ಅಂಥ ಸಾವಿನ ಮನೆಗೆ ಹೋಗಬಾರದೆಂದು ಬೀದಿಯವರು ದೂರವಿದ್ದರು. ಆಕೆ ಗೋಡೆಗೆ ತಲೆಯಾನಿಸಿ ಕೂತಿದ್ದರು, ನಮ್ಮನ್ನು ನೋಡಿಯೂ ಅಳಲಿಲ್ಲ. ಹೆಗ್ಗಡದೇವನಕೋಟೆಯಾಕೆ ಮನೆ ಗುಡಿಸಿದರು. ನಾನು ಗಂಜಿ ಕಾಯಿಸಿ ಕುಡಿಸಿದೆ. ಕೊನೆಯ ಬಸ್ಸಿನ ಹೊತ್ತಾಯಿತೆಂದು ಎದ್ದಾಗ ಆಕೆ ನನ್ನ ಸೆರಗಿನ ತುದಿ ಹಿಡಿದರು.

"ಓಗ್ಬೇಡ್ರವ್ವ" ಅಂದರು.

ನಾವು ಯಾರೂ ಹೋಗಲಿಲ್ಲ. ಮನೆಗಳಲ್ಲಿ ನಮಗಾಗಿ ಕಾಯುತ್ತಿದ್ದವರು ಆ ರಾತ್ರಿಯನ್ನು ಹೇಗೆ ಕಳೆಯುತ್ತಾರೋ ಎಂಬ ದಿಗಿಲನ್ನು ಇಟ್ಟುಕೊಂಡೇ ಆಕೆಯ ಸುತ್ತ ಚಾಪೆ ಹಾಸಿಕೊಂಡೆವು.