ಅಮ್ಮನ ಕಿಟಕಿಯ ಟ್ಯೂಬ್‌ಲೈಟು

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಆವತ್ತು ಕಾಲೇಜಿನಲ್ಲಿ ಯಾರು ಮೊದಲು ಮಾತಾಡಿದರು, ಯಾರು ಆಮೇಲೆ, ನನಗೆ ಖಚಿತವಿಲ್ಲ. ನಮ್ಮ ಅಡುಗೆಮನೆಯ ಕಿಟಕಿಯಾಚೆ ಒಂದು ಹೊಂಗೆಮರವಿತ್ತು ಎಂದು ಎಷ್ಟೋ ಜನರಿಗೆ ಹೇಳಿಕೊಂಡು ಓಡಾಡಿದ್ದೇನೆ. ಚಿಕ್ಕಪ್ಪನನ್ನು ಕೇಳಿದರೆ, "ಯಾವ ಹೊಂಗೆಮರನಮ್ಮ? ಅಲ್ಲಿ ಇದ್ದಿದ್ದು ಹುಲ್ಲಿನ ಬಣವೆ" ಅನ್ನುತ್ತಾರೆ. ಅಮ್ಮನನ್ನು ಕೇಳಿದರೆ, "ಏನೂ ಇರ್ಲಿಲ್ಲ, ಬಯಲು ಅಷ್ಟೆ" ಅನ್ನುತ್ತಾಳೆ. ನನ್ನ ಮರದಲ್ಲಿ ಅಳಿಲು ಸಹ ಓಡುತ್ತದೆ. ಎಲ್ಲಿಂದ ತಂದು ಅಲ್ಲಿ ನೆಟ್ಟೆನೋ ಗೊತ್ತಿಲ್ಲ. ಮರವೋ ಬಣವೆಯೋ ಎನ್ನುವ ಜಗಳವನ್ನು ಇಲ್ಲಿಗೇ ಬಿಟ್ಟು ನನ್ನ ಜೊತೆ ಬನ್ನಿ. ಕಿಟಕಿ ಇತ್ತು ಎನ್ನುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ನಿನ್ನೆ ಹೆಬ್ಬಗೋಡಿಯಲ್ಲಿ ಬಸ್ಸಿಳಿದವಳು ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ಅಮ್ಮ ಫೋನಿನಲ್ಲಿ, "ಕಿಟಕಿ ಲೈಟು ಪಿಳಿಪಿಳಿ ಅಂತೈತೆ ಕಣೆ, ಬರ್ತಾ ಒಂದು ತಗೊಂಬಾ" ಅಂದಿದ್ದಳು.

"ವಾರ್ಮಾ, ಕೂಲಾ, ಡೇಲೈಟಾ ಮೇಡಂ?" ಅಂದ ಅಂಗಡಿಯವನು.

"ಅಡುಗೆಮನೆಗೆ."

"ಅಂಗಾದ್ರೆ ಡೇಲೈಟೇ ತಗೊಳ್ಳಿ. ಹಾಕಿದ್ರೆ ಹಗಲಿದ್ದಂಗೆ ಇರುತ್ತೆ."

ಪರೀಕ್ಷೆಗೆಂದು ಉರಿಸಿ ತೋರಿಸಿದ. ಪಕ್ಕದಲ್ಲಿ ಯಾರೋ ಹಳೆಯ ಟ್ಯೂಬಿನ ಪಟ್ಟಿಯೊಂದನ್ನು ರಿಪೇರಿಗೆ ತಂದಿದ್ದರು. ಅದರ ಚೋಕು ಬಿಸಿಯಾಗಿ ಅರಗು ಕರಗಿದಂಥ, ಸುಟ್ಟ ಧೂಳಿನಂಥ ವಾಸನೆ ಬಂತು. ಈಗಿನ ಎಲ್‌ಇಡಿಗಳಿಗೆ ಆ ವಾಸನೆ ಇಲ್ಲ. ನನಗೆ ಅದು ನಮ್ಮ ಮನೆಯ ಬೆಳಗಿನ ವಾಸನೆ. ಬೇರೆಯವರಿಗೆ ಬೆಳಗೆಂದರೆ ಕಾಫಿ, ಊದಿನಕಡ್ಡಿ, ಒದ್ದೆ ಮಣ್ಣು ನೆನಪಾಗಬಹುದು. ನನಗೆ ಚೋಕು.

ಅದು ಹೇಗೆಂದು ಹೇಳಬೇಕು. ನಮ್ಮದು ಎಲೆಕ್ಟ್ರಾನಿಕ್ ಸಿಟಿಗೆ ಅಂಟಿಕೊಂಡ ಊರು. ಹೊಲಗಳು ಫ್ಯಾಕ್ಟರಿಗಳಿಗೆ ಹೋದ ಮೇಲೆ ಉಳಿದ ಜಾಗವನ್ನು ಅಪ್ಪ, ಚಿಕ್ಕಪ್ಪ ಹಂಚಿಕೊಂಡರು. ಊರಿನ ಎಲ್ಲರಂತೆ ಇಬ್ಬರೂ ಬಾಡಿಗೆ ರೂಮು ಕಟ್ಟಿದರು. ನಮ್ಮ ಕಡೆ ಕಟ್ಟುವ ರೀತಿಯೇ ಒಂದು: ಗೋಡೆಗೆ ಗೋಡೆ ತಾಗಿಸಿ. ಮಧ್ಯೆ ಬಿಟ್ಟ ಜಾಗಕ್ಕೆ ಯಾರೂ ಬಾಡಿಗೆ ಕೊಡುವುದಿಲ್ಲವಲ್ಲ. ಚಿಕ್ಕಪ್ಪನ ರೂಮುಗಳ ಗೋಡೆ ಏಳುತ್ತ ಏಳುತ್ತ ಅಮ್ಮನ ಅಡುಗೆಮನೆಯ ಕಿಟಕಿಗೆ ಬಂದು ನಿಂತಿತು. ನಡುವೆ ಒಂದು ಗೇಣು ಜಾಗ. ತಪ್ಪೆಂದು ಯಾರೂ ಹೇಳಲಿಲ್ಲ. ಅವರ ಜಾಗದಲ್ಲಿ ಅವರು ಕಟ್ಟಿದರು, ಅಷ್ಟೆ. ಅಪ್ಪ ಮೇಲಿನ ಮಹಡಿ ಕಟ್ಟಿದಾಗ ಆ ಕಡೆಯ ಮನೆಯವರ ಕಿಟಕಿಗೂ ಇದೇ ಗತಿ ಆಗಿತ್ತು.

ಅಪ್ಪ ಮಾತಿನ ಮನುಷ್ಯರಲ್ಲ. ಹೊರಗೆ ತೆರೆಯಲಾಗದ ಕಿಟಕಿಬಾಗಿಲುಗಳನ್ನು ಬಿಚ್ಚಿಸಿದರು. ಸರಳುಗಳ ನಡುವೆ ಕೈ ತೂರಿಸಿ, ಎದುರಿನ ಗೋಡೆಗೆ ಒಳಗಿನಿಂದ ಕಾಣುವಷ್ಟು ಮಾತ್ರ ಸುಣ್ಣ ಬಳಿದರು. ಚೌಕಟ್ಟಿನ ಹೊರಗೆ, ಮೇಲ್ಗಡೆ, ಒಂದು ಟ್ಯೂಬ್‌ಲೈಟು ಕಟ್ಟಿದರು. ಒಲೆಯ ಪಕ್ಕ ಸ್ವಿಚ್ಚು. ಹಾಕಿದರೆ ಕಿಟಕಿಯಾಚೆ ಬೆಳ್ಳಗಾಗುತ್ತಿತ್ತು. ಅಮ್ಮ ಅದಕ್ಕೊಂದು ಹೂವಿನ ಪರದೆ ಹೊಲಿದಳು. ಬೆಳಿಗ್ಗೆ ಎದ್ದು ಮುಖ ತೊಳೆದು, ಸ್ವಿಚ್ಚು ಹಾಕಿ, ಪರದೆ ಸರಿಸುವಳು. ಸಂಜೆ ದೇವರ ದೀಪ ಹಚ್ಚುವ ಹೊತ್ತಿಗೆ ಆ ಲೈಟು ಆರಿಸಿ, ಪರದೆ ಎಳೆದು, ಒಳಗಿನ ಬಲ್ಬು ಹಾಕುವಳು. ಒಂದು ದಿನವೂ ತಪ್ಪಿಸಿದವಳಲ್ಲ. ಮಟಮಟ ಮಧ್ಯಾಹ್ನ ಕರೆಂಟು ಹೋದರೆ "ಅಯ್ಯೋ, ಕತ್ತಲಾಯ್ತಲ್ಲೇ" ಅನ್ನುವಳು. ನಾವು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು ಎಂದು ನನ್ನ ನೆನಪು. ಈ ಒಂದು ನೆನಪನ್ನು ಮಾತ್ರ ಯಾರ ಹತ್ತಿರವೂ ಕೇಳಿ ಪರೀಕ್ಷಿಸಲು ನನಗೆ ಧೈರ್ಯವಿಲ್ಲ.

ಆಗ ನಾನು ಡಿಗ್ರಿ ಓದುತ್ತಿದ್ದೆ. ಪರಿಸರ ಅಧ್ಯಯನ ಎಂಬುದೊಂದು ವಿಷಯವಿತ್ತು. ಊಟವಾದ ಮೇಲಿನ ತರಗತಿ, ಅರ್ಧ ಜನ ತೂಕಡಿಸುವವರೇ. ಒಂದು ದಿನ ಮೇಡಂ ಬೋರ್ಡಿನ ಮೇಲೆ "ಕೃತಕ ಬೆಳಕು ಮತ್ತು ಆರೋಗ್ಯ" ಎಂದು ಬರೆದು, "ಪುಸ್ತಕದಲ್ಲಿರೋದು ಬೇಡ, ನಿಮಗೆ ಅನ್ನಿಸೋದು ಹೇಳಿ" ಅಂದರು. ಅನ್ನಿಸುವುದು ಯಾರಿಗೂ ಏನೂ ಇರಲಿಲ್ಲ. ಮೊಬೈಲ್ ನೋಡಿದರೆ ಕಣ್ಣು ಹಾಳಾಗುತ್ತದೆ ಎಂದು ಒಬ್ಬಳು, ಬೀದಿದೀಪ ಇಲ್ಲದಿದ್ದರೆ ಹುಡುಗಿಯರು ಮನೆ ಸೇರುವುದು ಹೇಗೆ ಎಂದು ಇನ್ನೊಬ್ಬಳು. ಆಗ ಕೊನೆಯ ಬೆಂಚಿನ ನಾಗರಾಜ ಎದ್ದ. ಆನೇಕಲ್ ಕಡೆಯವನು. ತರಗತಿಯನ್ನು ನಗಿಸುವುದು ತನ್ನ ಜವಾಬ್ದಾರಿ ಎಂದುಕೊಂಡಿದ್ದವನು.

"ಮೇಡಂ, ನಮ್ ಮಾವ ಸೇವಂತಿಗೆ ಹೊಲಕ್ಕೆ ಬಲ್ಬ್ ಹಾಕ್ತಾರೆ. ಸಂಜೆ ಆದ್ಮೇಲೆ ಉರಿಸ್ತಾರೆ."

"ಯಾಕಪ್ಪಾ, ಹೂವು ಓದ್ಕೊಳ್ಳೋದಕ್ಕಾ?"

"ಇಲ್ಲ ಮೇಡಂ, ಗಿಡಕ್ಕೆ ಇನ್ನೂ ಹಗಲು ಅನ್ನಿಸ್ಬೇಕು. ಹಗಲು ಜಾಸ್ತಿ ಅನ್ಕೊಂಡ್ರೆ ಅದು ಮೊಗ್ಗು ಬಿಡಲ್ಲ, ಸುಮ್ನೆ ಬೆಳೀತಾ ಇರುತ್ತೆ. ಹಬ್ಬ ಲೆಕ್ಕ ಹಾಕಿ ಬಲ್ಬ್ ಆರಿಸಿದ್ರೆ ಹಬ್ಬಕ್ಕೆ ಸರಿಯಾಗಿ ಹೂವು. ಸಕ್ಕತ್ ಮೋಸ ಮೇಡಂ, ಪಾಪ."

"ಗಿಡದ ಆರೋಗ್ಯಕ್ಕೆ ಏನಾಗುತ್ತೆ?"

"ಗಿಡಾನ ಯಾರು ಕೇಳ್ತಾರೆ ಮೇಡಂ!"

ಎಲ್ಲರೂ ನಕ್ಕರು. ಆಮೇಲೆ ಮಹಾದೇವಿ ಎದ್ದು ನಿಂತಳು. ಗದಗ ಕಡೆಯಿಂದ ಬಂದು, ಫ್ಯಾಕ್ಟರಿಯಲ್ಲಿ ದುಡಿಯುವ ಅಣ್ಣನ ಜೊತೆ ಒಂದು ಬಾಡಿಗೆ ರೂಮಿನಲ್ಲಿದ್ದ ಹುಡುಗಿ. "ನಮ್ಮ ರೂಮಿಗೆ ಕಿಟಕಿ ಐತ್ರೀ ಮೇಡಂ, ಅದರಾಚೆ ಗ್ವಾಡಿ ಐತಿ. ಲೈಟ್ ಹಚ್ಚಿದ್ರ ಹಗಲ, ಆರಿಸಿದ್ರ ರಾತ್ರಿ. ಅಣ್ಣ ರಾತ್ರಿ ಪಾಳಿ ಮುಗಿಸಿ ಬಂದು ಮಕ್ಕೋತಾನ, ಅದಕ್ಕ ನಾ ಕತ್ತಲ್ದಾಗ ತಡಕಾಡಿ ತಯಾರಾಗಿ ಬರ್ತೀನಿ. ಹೊರಗ ಬಂದ ಮ್ಯಾಲ ನೋಡ್ಕೋತೀನಿ, ಜಂಪರ್ ಬಣ್ಣ ಯಾವ್ದು ಅಂತ" ಅಂದಳು. ಈ ಸಲ ನಕ್ಕವರು ಕಡಿಮೆ. ನಮ್ಮಲ್ಲಿ ಅರ್ಧ ಜನ ಅಂಥ ರೂಮಿನಲ್ಲಿದ್ದವರು. ನನ್ನಂಥ ಕೆಲವರು ಅಂಥ ರೂಮು ಬಾಡಿಗೆಗೆ ಕೊಟ್ಟವರ ಮಕ್ಕಳು.

ನನಗೆ ಉಮೇದು ಬಂತು. ಮಹಾದೇವಿಯದಕ್ಕಿಂತ ಒಳ್ಳೆಯ ಕಿಟಕಿ ನಮ್ಮ ಮನೆಯಲ್ಲಿದೆ ಎನ್ನುವಂತೆ ಎದ್ದು, ಅಪ್ಪ ಕಟ್ಟಿದ ಟ್ಯೂಬ್‌ಲೈಟನ್ನೂ ಅಮ್ಮನ ಪರದೆಯನ್ನೂ ಚೆನ್ನಾಗಿಯೇ ವರ್ಣಿಸಿದೆ.

"ಏನ್ ಗುರು ನಿಮ್ದು, ಸೂರ್ಯಂಗೇ ಸ್ವಿಚ್ಚಾ!" ಅಂದ ನಾಗರಾಜ. "ಬಿಲ್ ಬಂದ್ರೆ ದೇವ್ರಿಗೆ ಕಳಿಸ್ತೀರಾ?"

ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಹಿಂದೆಂದೂ ನನ್ನ ಮಾತಿಗೆ ಅಷ್ಟು ಜನ ನಕ್ಕಿರಲಿಲ್ಲ. ನಗು ನಿಂತ ಮೇಲೆ ಮೇಡಂ ಕೇಳಿದರು, "ನಿಮ್ಮ ತಾಯಿ ಏನಂತಾರಮ್ಮ?"

"ಏನೂ ಅನ್ನಲ್ಲ ಮೇಡಂ. ಅಭ್ಯಾಸ ಆಗಿದೆ."

ಗಂಟೆ ಹೊಡೆಯಿತು. ಅಥವಾ ಹೊಡೆಯಲಿಲ್ಲ, ಮೇಡಂ ಇನ್ನೊಬ್ಬರ ಕಡೆ ತಿರುಗಿದರು. ನನ್ನ ಉತ್ತರ ಮಾತ್ರ ಹಾಗೇ ಉಳಿದಿದೆ. ನಾನದನ್ನು ಎಷ್ಟು ಸಲೀಸಾಗಿ ಹೇಳಿದೆ ಎಂದರೆ, ಅಮ್ಮನನ್ನು ಯಾವತ್ತೂ ಕೇಳಿಯೇ ಇಲ್ಲ ಎನ್ನುವುದು ಮನೆಗೆ ಹೋಗುವ ಬಸ್ಸಿನಲ್ಲೂ ಹೊಳೆಯಲಿಲ್ಲ.

ಆಮೇಲೆ ನಾನು ಕೆಲಸ, ಮದುವೆ ಎಂದು ದೊಡ್ಡನೆಕ್ಕುಂದಿಯ ಕಡೆ ಹೋದೆ. ಅಪ್ಪ ತೀರಿಕೊಂಡರು. ಅಮ್ಮನಿಗೆ ನಿದ್ದೆ ಬರುವುದು ಕಡಿಮೆಯಾಯಿತು, ತಲೆನೋವು ಶುರುವಾಯಿತು. ಡಾಕ್ಟರು ಬಿಸಿಲಿಗೆ ಹೋಗಿ ಕೂರಿ ಅಂದರು. "ಎಲ್ಲಿ ಕೂರಾನೆ? ಮಹಡಿ ಮೇಲೆ ಬಾಡಿಗೆಯೋರ ಬಟ್ಟೆ ಒಣಗ್ತಿರ್ತವೆ, ಅವರ ಪ್ಯಾಂಟ್ ಕೆಳಗೆ ಕೂರ್ಲಾ?" ಅಂದಳು ಅಮ್ಮ. ಅವಳ ನಿದ್ದೆ ಕೆಟ್ಟಿದ್ದು ಆ ಟ್ಯೂಬ್‌ಲೈಟಿನಿಂದ ಎಂದು ಬರೆದುಬಿಟ್ಟರೆ ಈ ಪ್ರಬಂಧಕ್ಕೆ ಒಳ್ಳೆಯದು. ಆದರೆ ಅದು ನನಗೆ ಗೊತ್ತಿಲ್ಲ. ಅಪ್ಪ ಹೋದದ್ದರಿಂದ ಇರಬಹುದು, ವಯಸ್ಸಿನಿಂದ ಇರಬಹುದು, ವರ್ಷಗಟ್ಟಲೆ ನಿಜವಾದ ಬೆಳಗನ್ನು ನೋಡದೆ ಬೆಳಗಿನ ಅಡುಗೆ ಮಾಡಿದ್ದರಿಂದಲೂ ಇರಬಹುದು. ತರಗತಿಯಲ್ಲಿ ನಮಗೆಲ್ಲ ಅಭಿಪ್ರಾಯಗಳಿದ್ದವು. ಈಗ ನನ್ನ ಬಳಿ ಅಷ್ಟೂ ಇಲ್ಲ.

ನಿನ್ನೆ ಡೇಲೈಟಿನ ಡಬ್ಬ ಹಿಡಿದು ಮನೆಗೆ ಹೋದರೆ ಬೀದಿಯೆಲ್ಲ ಇಟ್ಟಿಗೆ ಚೂರು. ಚಿಕ್ಕಪ್ಪ ಹಳೆಯ ರೂಮುಗಳನ್ನು ಕೆಡವಿಸಿದ್ದರು. ಅಲ್ಲಿ ಪಿ.ಜಿ. ಕಟ್ಟುತ್ತಾರಂತೆ. ಅಮ್ಮ ಫೋನಿನಲ್ಲಿ ಇದನ್ನು ಹೇಳಿರಲೇ ಇಲ್ಲ. ಅಡುಗೆಮನೆಗೆ ಕಾಲಿಟ್ಟವಳು ಬೇರೆ ಯಾರದೋ ಮನೆಗೆ ಬಂದೆನೇನೋ ಎಂದು ನಿಂತೆ. ಕಿಟಕಿಗೆ ಹಳೆಯ ಸೀರೆಯೊಂದನ್ನು ಕಟ್ಟಿದ್ದಳು. ಅದರ ಅಂಚಿನಿಂದ, ತೂತುಗಳಿಂದ ಬಿಸಿಲು ಒಳಗೆ ನುಗ್ಗುತ್ತಿತ್ತು. ಚೌಕಟ್ಟಿನ ಹೊರಗೆ, ಅಷ್ಟು ಬಿಸಿಲಿನಲ್ಲಿ, ಅಪ್ಪನ ಟ್ಯೂಬು ಪಿಳಿಪಿಳಿ ಅನ್ನುತ್ತ ಉರಿಯುತ್ತಿತ್ತು.

"ಅಮ್ಮಾ, ಬೆಳಕು ಬರ್ತಿದೆಯಲ್ಲಾ! ಸೀರೆ ಯಾಕೆ?"

"ಧೂಳು. ಕಣ್ಣಿಗೂ ಕುಕ್ಕುತ್ತೆ." ಆಮೇಲೆ ಗೋಡೆ ತೋರಿಸಿದಳು. "ನೋಡು, ಎಷ್ಟು ಮಸಿ ಕಟ್ಟೈತೆ. ಇಷ್ಟು ದಿನ ಕಂಡೇ ಇರ್ಲಿಲ್ಲ. ನಾನೇನೋ ಚೆನ್ನಾಗಿಟ್ಕಂಡಿದೀನಿ ಅನ್ಕಂಡಿದ್ದೆ."

ಆ ಹೊತ್ತಿಗೆ ಚಿಕ್ಕಪ್ಪ ಬಂದು ಬಾಗಿಲಲ್ಲಿ ನಿಂತರು. "ಅತ್ಗೆ, ಸೋಮವಾರ ಪಿಲ್ಲರ್‌ಗೆ ಗುರುತು ಹಾಕೋರು ಬರ್ತಾರೆ. ಈ ಸಲ ನಾನು ಅಂಗೆ ಒತ್ತರಿಸ್ಕಂಡು ಕಟ್ಟಲ್ಲ. ಎಷ್ಟು ಜಾಗ ಬಿಡ್ಬೇಕು ಹೇಳ್ಬಿಡಿ, ಬಿಡ್ತೀನಿ. ಆಗ ಅಣ್ಣಾನೂ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ."

"ನಿಮ್ ಜಾಗ. ನಿಮಗೆ ಅನುಕೂಲ ಆದಂಗೆ ಕಟ್ಕಳಿ."

"ಇಂಗೇ ಅಂದ್ರೆ ಎಂಗತ್ಗೆ? ಒಂದ್ಸಲ ಕಂಬ ಎದ್ದ ಮೇಲೆ ಕೇಳಿದ್ರೆ ನನ್ ಕೈಲಿ ಆಗಕಿಲ್ಲ." ನನ್ನ ಕಡೆ ತಿರುಗಿದರು. "ನೀನಾದ್ರೂ ಹೇಳವ್ವ, ಓದಿರೋಳು."

ಮೂರಡಿ ಬಿಡಿ ಚಿಕ್ಕಪ್ಪ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನೀವಾಗಿದ್ದರೆ ಹೇಳುತ್ತಿದ್ದಿರಿ, ಹೇಳಬೇಕಾದದ್ದೂ ಅದೇ ಇರಬಹುದು. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಕೇಳಿಸಿತು, ನನ್ನದೇ ದನಿಯಲ್ಲಿ: ಏನೂ ಅನ್ನಲ್ಲ ಮೇಡಂ, ಅಭ್ಯಾಸ ಆಗಿದೆ. ಅಮ್ಮನ ಪರವಾಗಿ ನಾನು ಒಂದು ಸಲ ಉತ್ತರ ಕೊಟ್ಟಾಗಿದೆ. "ಅಮ್ಮ ಹೇಳ್ತಾಳೆ ಚಿಕ್ಕಪ್ಪ" ಅಂದೆ. ಅವರು ಟವೆಲ್ ಕೊಡವಿಕೊಂಡು ಹೋದರು.

ಅಮ್ಮ ಒದ್ದೆ ಬಟ್ಟೆ ತೆಗೆದುಕೊಂಡು ಗೋಡೆಯ ಮಸಿ ಉಜ್ಜತೊಡಗಿದಳು. ಸೀರೆಯ ತೂತಿನಿಂದ ಬಂದ ಒಂದು ಬಿಲ್ಲೆ ಬಿಸಿಲು ಅವಳ ಮೊಣಕೈ ಮೇಲೆ ಬಿದ್ದಿತ್ತು. ಕೈ ಆಡಿಸಿದಾಗ ಜಾರುತ್ತಿತ್ತು, ನಿಲ್ಲಿಸಿದಾಗ ಬಂದು ಕೂರುತ್ತಿತ್ತು. ಅವಳು ಕೈಯನ್ನು ಆಗಾಗ ನಿಲ್ಲಿಸುತ್ತಿದ್ದಳು ಎಂದು ನನಗನ್ನಿಸಿತು. ನನ್ನ ಕಣ್ಣನ್ನು ನೀವು ಪೂರ್ತಿ ನಂಬಬೇಡಿ, ಹೊಂಗೆಮರ ಕಂಡ ಕಣ್ಣು ಅದು. ಸೀರೆ ತೆಗೆದುಬಿಡಲೇ ಅಂದುಕೊಂಡೆ, ತೆಗೆಯಲಿಲ್ಲ. ಹಳೆಯ ಟ್ಯೂಬು ಬಿಚ್ಚಲೇ ಅಂದುಕೊಂಡೆ. ಅದನ್ನು ಕಟ್ಟಿದ ತಂತಿಯ ಗಂಟು ಅಪ್ಪನದು, ಅದಕ್ಕೂ ಕೈ ಹೋಗಲಿಲ್ಲ. ಇಷ್ಟು ವರ್ಷ ಅಮ್ಮ ಆ ಸ್ವಿಚ್ಚು ಹಾಕುತ್ತಿದ್ದದ್ದು ಬೆಳಕಿಗೋ ಅಪ್ಪನಿಗೋ ಎಂಬುದೂ ನನಗೆ ತಿಳಿಯದು.

ಹೊಸ ಲೈಟಿನ ಡಬ್ಬವನ್ನು ಬಾಗಿಲ ಮೂಲೆಗೆ ಒರಗಿಸಿಟ್ಟೆ. ಕಾಲೇಜಿನ ದಿನವೇ ಮನೆಗೆ ತರಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ. ಅವಳು ಉಜ್ಜುವುದನ್ನು ನಿಲ್ಲಿಸಿದಳು, ತಿರುಗಲಿಲ್ಲ. ಇವತ್ತು ಭಾನುವಾರ. ನಾನಿನ್ನೂ ಇಲ್ಲೇ ಇದ್ದೇನೆ, ಡಬ್ಬವೂ ಬಿಚ್ಚದೆ ಅಲ್ಲೇ ಇದೆ. ನಾಳೆ ಗುರುತು ಹಾಕುವವರು ಬರುತ್ತಾರೆ. ನಿನ್ನೆ ನಾನು ಕೇಳಿದ್ದು ಇಷ್ಟೆ:

"ಅಮ್ಮಾ, ನಿನಗೆ ಏನು ಬೇಕು?"