ರಾಕ್ಷಸನ ಚರ್ಮ ಹೊಲಿದವರು

ನಮ್ಮಪ್ಪ ಗುಬ್ಬಿಯಲ್ಲಿ ನಲವತ್ತು ವರ್ಷಕ್ಕೂ ಮೇಲೆ ಟೈಲರ್ ಆಗಿದ್ದರು. ಸ್ಕೂಲ್ ಯೂನಿಫಾರಂ, ರವಿಕೆ, ಮದುವೆ ಗಂಡಿನ ಕೋಟು ಎಲ್ಲ ಹೊಲಿಯುತ್ತಿದ್ದರು. ನಾಟಕದವರು ಬಂದರೆ ರಾಜರ ನಿಲುವಂಗಿ, ಸೇವಕರ ಪಾಯಿಜಾಮ ಹೊಲಿದುಕೊಡುತ್ತಿದ್ದರು. ಮಂಡಿ ನೋವು ಬಂದು ಮಿಷನ್ ತುಳಿಯೋಕೆ ಆಗದೆ ಹೋದಾಗ ಅಂಗಡಿ ಮುಚ್ಚಿ ತುಮಕೂರಿಗೆ ಬಂದರು. ಈಗ ಬಟವಾಡಿಯ ಬಾಡಿಗೆ ಮನೆಯಲ್ಲಿ ನಾನು, ನನ್ನ ಯಜಮಾನರು, ನನ್ನ ಮಗಳು, ಅಪ್ಪ, ನಾಲ್ಕು ಜನ ಇದ್ದೇವೆ. ನಾನು ಊರ್ಡಿಗೆರೆಯಲ್ಲಿ ಟೀಚರ್. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರೋದು ಸಂಜೆಗೆ. ಅಪ್ಪ ಮತ್ತು ನನ್ನ ಒಂಬತ್ತು ವರ್ಷದ ಮಗಳು ಸ್ನೇಹಿತರಾದದ್ದು ಹೀಗೆ, ನಾನಿಲ್ಲದ ಹೊತ್ತಿನಲ್ಲಿ.

ಮದುವೆಗೆ ಮುಂಚೆ ಅಪ್ಪ ಕೆಲವು ತಿಂಗಳು ಮದ್ರಾಸಿನಲ್ಲಿ ಸಿನಿಮಾ ಕೆಲಸ ಮಾಡಿದ್ದರು ಅನ್ನೋದು ನಮಗೆ ಗೊತ್ತಿತ್ತು. ಅಷ್ಟೇ ಗೊತ್ತಿದ್ದದ್ದು. ಕೇಳಿದರೆ, "ಹೊಲಿಯೋ ಕೆಲ್ಸ ಎಲ್ಲೋದ್ರೂ ಒಂದೇ ಬುಡು" ಅಂದು ಎದ್ದುಬಿಡೋರು.

ಹೋದ ವರ್ಷ ದಸರಾ ರಜೆಯ ಒಂದು ಮಧ್ಯಾಹ್ನ ಮಗಳು ಟಿವಿಯಲ್ಲಿ ಒಂದು ಹಳೇ ಕಪ್ಪುಬಿಳುಪು ಸಿನಿಮಾ ಹಚ್ಚಿದಳು. ಯಾರೋ ಹಳೇ ಪ್ರಿಂಟನ್ನು ತೊಳೆದು ಚೊಕ್ಕ ಮಾಡಿ ನೆಟ್ಟಿಗೆ ಹಾಕಿದ್ದರು. ಮಕ್ಕಳು ದೊಡ್ಡವರು ಒಟ್ಟಿಗೆ ಕೂತು ನೋಡುವಂಥ ಮಾಯಾಮಂತ್ರದ ಚಿತ್ರ. ಒಬ್ಬ ಮಾಂತ್ರಿಕ ರಾಣಿಯ ನೆರಳನ್ನು ಕದ್ದು ಒಂದು ಕೊಡದಲ್ಲಿ ಮುಚ್ಚಿಟ್ಟಿರುತ್ತಾನೆ. ನೆರಳಿಲ್ಲದ ರಾಣಿ ದಿನೇ ದಿನೇ ತೆಳ್ಳಗಾಗುತ್ತಾ ಹೋಗುತ್ತಾಳೆ. ಅವಳ ಮಕ್ಕಳು, ಅಕ್ಕ ತಮ್ಮ ಇಬ್ಬರೂ, ತಮ್ಮ ಹಳೇ ತೊಟ್ಟಿಲಲ್ಲಿ ಕೂತು ಹಾರಿಕೊಂಡು ಆ ಕೊಡ ಹುಡುಕಲು ಹೋಗುತ್ತಾರೆ. ಗುಹೆಯ ಬಾಗಿಲಲ್ಲಿ ಒಬ್ಬ ರಾಕ್ಷಸ. ಒಂದೇ ಕೊಂಬು, ಸೊಂಟದವರೆಗೆ ಇಳಿಬಿದ್ದ ಕೂದಲು, ಮೈತುಂಬ ಮೊಸಳೆಯ ಹಾಗೆ ಗಂಟುಗಂಟು ಚರ್ಮ. ತೊಟ್ಟಿಲು ಕಟ್ಟಿದ ತಂತಿ ಒಂದೆರಡು ಕಡೆ ಕಾಣುತ್ತಿತ್ತು. ಆದರೂ ಅದು ಅರಮನೆಯ ಗೋಪುರ ದಾಟುವಾಗ ನಾನು ಅಕ್ಕಿ ಆರಿಸುವುದನ್ನು ಬಿಟ್ಟು ನೋಡಿದೆ.

ರಾಕ್ಷಸ ಬಂದ ಕೂಡಲೇ ಮಗಳು ಚಪ್ಪಾಳೆ ಹೊಡೆದು ನಕ್ಕಳು. "ತಾತ, ನೋಡು, ಬೆನ್ನಲ್ಲಿ ಹೊಲಿಗೆ ಕಾಣ್ತಿದೆ!"

ಅಪ್ಪ ಪೇಪರು ಓದುತ್ತಿದ್ದವರು ತಲೆ ಎತ್ತಿದರು. ಒಂದು ನಿಮಿಷ ಇರಬಹುದು, ಅಷ್ಟೇ. ಪೇಪರನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಹೊರಗೆ ಹೋದರು. ನಾನು ಬಾತ್‌ರೂಮಿಗೆ ಅಂದುಕೊಂಡೆ. ಕಾಲು ಗಂಟೆ ಆದರೂ ಬರಲಿಲ್ಲ. ಹೋಗಿ ನೋಡಿದರೆ ಗೇಟಿನ ಹತ್ತಿರ ಕಟ್ಟೆಯ ಮೇಲೆ ಕೂತಿದ್ದರು. ಮುಖ ಬೆವೆತಿತ್ತು.

"ಯಾಕಪ್ಪ, ಹುಷಾರಿಲ್ವಾ?"

"ಅದನ್ನ ಆಫ್ ಮಾಡು" ಅಂದರು. ಆಮೇಲೆ, "ಆ ಚರ್ಮ ನಾನು ಹೊಲ್ದಿದ್ದು ಕಣಮ್ಮ" ಅಂದರು.

ಕಟ್ಟೆಯ ಮೇಲೆ ಅವರ ಪಕ್ಕ ಕೂತು ಪೂರ್ತಿ ಕೇಳಿದೆ. ಗುಬ್ಬಿಯಲ್ಲಿ ನಾಟಕಕ್ಕೆ ಹೊಲಿಯುತ್ತಿದ್ದ ಅಪ್ಪನ ಗುರು ಅವರನ್ನು ಮದ್ರಾಸಿಗೆ ಕಳಿಸಿದ್ದರಂತೆ. ಅಪ್ಪನಿಗೆ ಆಗ ಇಪ್ಪತ್ತೆರಡು ವಯಸ್ಸು. ಗೋಣಿಚೀಲದ ಮೇಲೆ ತೆಂಗಿನ ನಾರು ಕೂರಿಸಿ, ಅದರ ಮೇಲೆ ರಬ್ಬರಿನ ಹಾಲು ಬಳಿದು ಒಣಗಿಸಿ, ತುಂಡುತುಂಡು ಜೋಡಿಸಿ ಚರ್ಮ ಮಾಡಿದರು. ಒಳಗೆ ಹೋಗಬೇಕಾದವನು ಕುಣಿಗಲ್ ಕಡೆಯ ಒಬ್ಬ ಪೈಲ್ವಾನ. ಮಾರ್ಕೋನಹಳ್ಳಿ ಅಣೆಕಟ್ಟೆಯ ಹತ್ತಿರದವನು. ಆ ದೊಡ್ಡ ಊರಿನಲ್ಲಿ ಒಂದೇ ಜಿಲ್ಲೆಯವರು ಇಬ್ಬರೇ ಸಿಕ್ಕಿದ್ದರಿಂದ ಜೊತೆಯಾದರು. ನಾರಿನ ಜಡೆ ಚೆನ್ನಾಗಿ ಕಾಣಲ್ಲ ಅಂತ ಅಪ್ಪ ಅಂದದ್ದಕ್ಕೆ ಪೈಲ್ವಾನ ಊರಿಗೆ ಹೋಗಿ ಬರುವಾಗ ಕುಣಿಗಲ್ಲಿನ ಕುದುರೆ ಲಾಯದಿಂದ ಒಂದು ಚೀಲ ಬಾಲದ ಕೂದಲು ತಂದುಕೊಟ್ಟನಂತೆ. ಅಪ್ಪ ಅವನನ್ನು "ಪೈಲ್ವಾನ್ರೇ" ಅನ್ನೋರು, ಅವನು ಇವರನ್ನು "ಟೈಲ್ರೇ" ಅನ್ನೋನು. ಹೆಸರು ಹೇಳಿ ಕರೆದದ್ದೇ ಇಲ್ಲ.

"ಗುಂಡಿ, ಹುಕ್ಕು ಏನೂ ಕಾಣ್ಬಾರ್ದು ಅಂತ ಡೈರೆಕ್ಟ್ರು ಅಪ್ಪಣೆ" ಅಂದರು ಅಪ್ಪ. "ದಿನಾ ಬೆಳಿಗ್ಗೆ ಅವ್ನು ಒಳಗೆ ಹೋದ್ಮೇಲೆ ಬೆನ್ನು ನಾನೇ ಹೊಲೀತಿದ್ದೆ. ಊಟಕ್ಕೆ ಬಿಚ್ತಿದ್ದೆ. ಮತ್ತೆ ಹೊಲೀತಿದ್ದೆ. ಒಳಗಿರೋನು ತಾನಾಗಿ ಹೊರಗೆ ಬರೋಕೆ ಆಗ್ತಿರ್ಲಿಲ್ಲ."

ಗುಹೆಯಲ್ಲಿ ಬೆಂಕಿಯ ಸೀನು ತೆಗೆದ ದಿನ. ಮೇಲೆ ದೊಡ್ಡ ದೊಡ್ಡ ಲೈಟು, ಸುತ್ತ ಬೆಂಕಿ. ಊಟದ ಹೊತ್ತು ಮೀರಿತ್ತು. ಇನ್ನೊಂದು ಶಾಟ್, ಇನ್ನೊಂದು ಶಾಟ್ ಅಂತ ಎಳೆಯುತ್ತಾ ಹೋದರು. ರಾಕ್ಷಸ ಎರಡು ಹೆಜ್ಜೆ ಹಾಕಿ ಧೊಪ್ಪನೆ ಬಿದ್ದ. ಎಲ್ಲರೂ ಆಕ್ಟಿಂಗ್ ಅಂದುಕೊಂಡರು. ಭೇಷ್ ಅಂದರಂತೆ ಯಾರೋ. ಅಪ್ಪನಿಗೆ ಮಾತ್ರ ಚರ್ಮದ ಹೊಟ್ಟೆ ಏಳದೆ ಇರುವುದು ಕಂಡಿತು. ಬೆನ್ನು ಕೆಳಗಾಗಿ ಅಂಗಾತ ಬಿದ್ದಿದ್ದ, ಹೊಲಿಗೆ ಬಿಚ್ಚೋಕೆ ಆಗುತ್ತಿರಲಿಲ್ಲ. ಓಡಿಹೋಗಿ ಕತ್ತರಿಯಿಂದ ಎದೆಯಿಂದ ಹೊಕ್ಕುಳಿನವರೆಗೆ ಚರ್ಮ ಸೀಳಿದರು. ಪೈಲ್ವಾನನ ಮೈ ಕೆಂಡದ ಹಾಗಿತ್ತಂತೆ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಕಾರಿನಲ್ಲಿ ಹಾಕಿಕೊಂಡು ಹೋದರು. ಅಲ್ಲಿದ್ದ ಮ್ಯಾನೇಜರು ಒಬ್ಬ ಅಪ್ಪನ ಕಡೆ ತಿರುಗಿ, "ಒಳಗೆ ಹಾಕಿ ಹೊಲ್ದವ್ನು ನೀನೇ, ಏನಾದ್ರೂ ಆದ್ರೆ ನೀನೇ ಉತ್ರ ಕೊಡ್ಬೇಕು" ಅಂದ.

"ನಾನು ಮಾರನೇ ದಿನ ಊರಿಗೆ ಬಂದ್ಬಿಟ್ಟೆ" ಅಂದರು ಅಪ್ಪ. "ಅವ್ನು ಉಳಿದ್ನಾ, ಸತ್ನಾ ಅಂತ ಕೇಳ್ಲಿಲ್ಲ. ಆ ಪಿಚ್ಚರು ಗುಬ್ಬಿ ಟೆಂಟಿಗೆ ಬಂದಾಗ ಅಂಗ್ಡಿ ಮುಚ್ಕಂಡು ಮನೇಲಿದ್ದೆ."

ನನಗೆ ಒಂದೊಂದೇ ನೆನಪಾಗತೊಡಗಿತು. ಕುಣಿಗಲ್ಲಿನಲ್ಲಿ ನೆಂಟರ ಮದುವೆ ಇದ್ದಾಗಲೆಲ್ಲ ಅಪ್ಪನಿಗೆ ಜ್ವರ ಬರುತ್ತಿತ್ತು. ಅಮ್ಮ ಬೈದುಕೊಂಡು ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದಳು. ಅವಳು ಸಾಯುವವರೆಗೂ ಅವಳಿಗೂ ಇದು ಗೊತ್ತಿರಲಿಲ್ಲ.

"ಹೋಗಿ ಕೇಳ್ಬಹುದಿತ್ತಲ್ಲಪ್ಪ. ಕುಣಿಗಲ್ ಏನು ದೂರಾನಾ?"

"ಏನಂತ ಕೇಳ್ಲಿ? ಅವನ ಮನೆ ಬಾಗ್ಲಲ್ಲಿ ನಿಂತ್ಕಂಡು, ಇದಾನಾ, ಹೋದ್ನಾ ಅಂತ ಕೇಳ್ಲಾ?"

ಆ ದಿನ ಅವರು ಒಳಗೆ ಹೋಗಿ ಮಲಗಿದ ಮೇಲೆ ನಾನು ಸಿನಿಮಾದ ಉಳಿದ ಭಾಗ ನೋಡಿದೆ. ಕೊನೆಯಲ್ಲಿ ರಾಕ್ಷಸ ಮಕ್ಕಳ ಕಡೆ ಸೇರುತ್ತಾನೆ. ಅಕ್ಕನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಾನೆ. ಅವನ ಹೊಟ್ಟೆಯ ಮೇಲೆ ಉದ್ದಕ್ಕೆ ಒಂದು ಒರಟು ಹೊಲಿಗೆ. ಅಂದರೆ ಈ ಭಾಗ ತೆಗೆದದ್ದು ಆ ದಿನದ ನಂತರ. ಬೆಳಿಗ್ಗೆ ಕಾಫಿ ಕೊಡುವಾಗ ಅಪ್ಪನಿಗೆ ಹೇಳಿದೆ. "ಒಳಗೆ ಬೇರೆ ಯಾರನ್ನೋ ಹಾಕಿರ್ತಾರೆ. ಮುಖ ಕಾಣಲ್ವಲ್ಲ" ಅಂದರು. ಅದೂ ಸರಿ. ಆದರೆ ಐವತ್ತು ವರ್ಷ ಇದೇ ಅನುಮಾನದಲ್ಲಿ ಇದ್ದದ್ದು ಸಾಕು ಅನ್ನಿಸಿತು ನನಗೆ. "ಭಾನುವಾರ ಹೋಗೋಣ" ಅಂದೆ. ಅವರು ಬೇಡ ಅನ್ನಲಿಲ್ಲ. ಶನಿವಾರವೇ ಕ್ಷೌರ ಮಾಡಿಸಿಕೊಂಡು ಬಂದರು.

ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆವು. ಕೊನೆಗೆ ಆಟೋ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಎರಡೂ ಕಡೆ ಭತ್ತದ ಗದ್ದೆ. ಅಣೆಕಟ್ಟೆಗೆ ಸ್ವಲ್ಪ ಮುಂಚೆ ಒಂದು ಟೀ ಅಂಗಡಿಯಲ್ಲಿ ಆಟೋ ನಿಲ್ಲಿಸಿ ನಾನೇ ಕೇಳಿದೆ. "ಹಳೇ ಕಾಲದ ಪೈಲ್ವಾನ್ರು ಒಬ್ಬರಿದ್ರಂತೆ, ಮದ್ರಾಸಿಗೆ ಸಿನಿಮಾಕ್ಕೆ ಹೋಗಿದ್ದೋರು..."

ಮಾತು ಮುಗಿಸಲೂ ಬಿಡಲಿಲ್ಲ ಅಂಗಡಿಯವನು. "ಓ, ರಾಕ್ಷಸನ ಮನೆಯಾ? ಹಿಂಗೇ ಹೋಗಿ, ನೀರಿನ ಟ್ಯಾಂಕ್ ಪಕ್ಕ ನೀಲಿ ಬಾಗಿಲು."

ನೀಲಿ ಬಾಗಿಲ ಮುಂದೆ ಜಗಲಿಯ ಮೇಲೆ ಒಬ್ಬ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು. ನಾವು ಯಾರನ್ನು ಹುಡುಕಿಕೊಂಡು ಬಂದೆವು ಅಂತ ಹೇಳಿದೆ.

"ನಮ್ಮನೆಯವ್ರು. ಅವ್ರಿಲ್ಲ ಕಣವ್ವ" ಅಂದರು ಅಜ್ಜಿ.

ಅಪ್ಪ ನನ್ನ ತೋಳು ಹಿಡಿದುಕೊಂಡರು. ಅವರ ಉಗುರು ಚರ್ಮಕ್ಕೆ ಒತ್ತಿದ್ದು ಈಗಲೂ ನೆನಪಿದೆ. "ಯಾವಾಗ?" ಅಂದರು. ಅಜ್ಜಿಗೆ ಕೇಳಿಸಲಿಲ್ಲ ಅಂತ ನಾನು ಮತ್ತೆ ಕೇಳಿದೆ.

"ಹನ್ನೊಂದು ವರ್ಷ ಆಯ್ತು. ಎಪ್ಪತ್ತು ದಾಟಿತ್ತು. ಮೂರು ಜನ ಮಕ್ಳ ಮದುವೆ ಮಾಡಿ, ಮೊಮ್ಮಕ್ಕಳನ್ನ ಎತ್ತಿ ಆಡ್ಸಿ, ಮಲಗಿದ್ದಂಗೇ ಹೋದ್ರು. ನೀವ್ಯಾರು?"

ಅಪ್ಪ ಜಗಲಿಯ ಅಂಚಿನಲ್ಲಿ ಕೂತುಬಿಟ್ಟರು. "ನಾನು ಗುಬ್ಬಿಯೋನು. ಟೈಲರು. ಮದ್ರಾಸಲ್ಲಿ ಅವ್ರ ಜೊತೆ..."

ಅಜ್ಜಿಯ ಕೈಯಿಂದ ಅವರೆಕಾಯಿ ಮೊರಕ್ಕೆ ಬಿತ್ತು. "ಹೊಟ್ಟೆ ಸೀಳ್ದೋರು ನೀವೇಯಾ?"

ಅಪ್ಪ ತಲೆ ತಗ್ಗಿಸಿದರು. "ಬೆನ್ನು ಹೊಲ್ದೋನೂ ನಾನೇ ಕಣಮ್ಮ."

"ಬೆನ್ನಿನ ವಿಷ್ಯ ಅವ್ರು ಹೇಳೇ ಇಲ್ವಲ್ಲ!" ಅಂದರು ಅಜ್ಜಿ. "ಹೊಟ್ಟೆ ವಿಷ್ಯಾನೇ ಹೇಳ್ತಿದ್ದದ್ದು. ಮನೆಗೆ ಯಾರೇ ಬರ್ಲಿ, ಅದೇ ಕಥೆ. ಅಲ್ಲಿದ್ದ ಅಷ್ಟೂ ಜನ ಚಪ್ಪಾಳೆ ಹೊಡೀತಿದ್ರಂತೆ, ಗುಬ್ಬಿ ಟೈಲ್ರು ಒಬ್ರೇ ಓಡಿ ಬಂದ್ರಂತೆ. ಬುದ್ಧಿ ಬಂದಾಗ ಮೊದ್ಲು ನಿಮ್ಮನ್ನೇ ಕೇಳಿದ್ರಂತೆ, ಊರಿಗೆ ಹೋದ್ರು ಅಂದ್ರಂತೆ ಸಿನಿಮಾದೋರು."

ಒಳಗಿಂದ ಸೊಸೆ ನೀರು ತಂದುಕೊಟ್ಟಳು. ಅಪ್ಪ ಚೊಂಬನ್ನು ಕೈಯಲ್ಲಿ ಹಿಡಿದುಕೊಂಡು ಕುಡಿಯುವುದನ್ನೇ ಮರೆತಿದ್ದರು. ಅಜ್ಜಿಯ ಮಾತು ನಿಂತಿರಲಿಲ್ಲ. ಪೈಲ್ವಾನರು ಎಂಟು ದಿನ ಆಸ್ಪತ್ರೆಯಲ್ಲಿದ್ದು, ಮತ್ತೆ ಅದೇ ಚರ್ಮದೊಳಗೆ ಹೋಗಿ ಸಿನಿಮಾ ಮುಗಿಸಿದ್ದರು. ಆ ಸಿನಿಮಾ ಗುಬ್ಬಿಗೆ ಬಂದಿದೆ ಅಂತ ಗೊತ್ತಾದಾಗ ಅಲ್ಲಿಗೆ ಹೋಗಿದ್ದರು. ಹೆಸರು ಗೊತ್ತಿಲ್ಲ. ಆದರೆ ತಾನು ಹೊಲಿದ ರಾಕ್ಷಸನನ್ನು ನೋಡೋಕೆ ಟೈಲರು ಬಂದೇ ಬರುತ್ತಾರೆ ಅಂತ ಎರಡು ದಿನ ಟೆಂಟಿನ ಬಾಗಿಲಲ್ಲಿ ನಿಂತಿದ್ದರು.

"ನೀವು ಬರ್ಲೇ ಇಲ್ಲ" ಅಂದರು ಅಜ್ಜಿ. ಅದರಲ್ಲಿ ಆಕ್ಷೇಪಣೆ ಇರಲಿಲ್ಲ.

ಅಪ್ಪ ಅತ್ತರು. ಅಮ್ಮ ಸತ್ತಾಗಲೂ ಅವರು ಹೀಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಅಜ್ಜಿ ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅವರೆಕಾಯಿ ಮೊರವನ್ನು ಅತ್ತ ಸರಿಸಿ ಜೊತೆಗೆ ಕೂತರು. ನನಗೆ ಮಾತ್ರ ಏನು ಮಾಡಬೇಕೋ ತಿಳಿಯದೆ ಎದುರು ಮನೆಯ ಕರುವನ್ನು ನೋಡುತ್ತಾ ನಿಂತಿದ್ದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಮದ್ರಾಸಿನ ಬಗ್ಗೆ ಎರಡನೇ ಸಲ ಕೇಳುವಷ್ಟು ತಾಳ್ಮೆ ನನಗೂ ಇರಲಿಲ್ಲವಲ್ಲ ಅನ್ನಿಸಿತು.

ಆಮೇಲೆ ನನ್ನ ಮೊಬೈಲಿನಲ್ಲಿ ಸಿನಿಮಾ ಹಚ್ಚಿದೆ. ಅಜ್ಜಿ ಅದನ್ನು ಕುಣಿಗಲ್ ಟೆಂಟಿನಲ್ಲಿ ಆರು ಸಲ ನೋಡಿದ್ದರಂತೆ. ಅಪ್ಪನಿಗೆ ಅದು ಮೊದಲ ಸಲ. ಸೊಸೆ, ಗದ್ದೆಯಿಂದ ಬಂದ ಮಗ, ಪಕ್ಕದ ಮನೆಯ ಇಬ್ಬರು ಹೆಂಗಸರು, ಎಲ್ಲರೂ ಆ ಸಣ್ಣ ಪರದೆಯ ಸುತ್ತ ಬಗ್ಗಿದರು.

"ಈಗ ಬರ್ತಾರೆ ನೋಡಿ" ಅಂದರು ಅಜ್ಜಿ. ರಾಕ್ಷಸ ಹೊಳೆಗೆ ಇಳಿದ. ಎಡಗಾಲನ್ನು ಸ್ವಲ್ಪ ಹೊರಗೆ ಎಸೆದು ಇಡುವ ನಡಿಗೆ. "ಅಖಾಡದಲ್ಲಿ ಮಂಡಿ ಉಳುಕಿತ್ತು. ಸಾಯೋವರ್ಗೂ ಹಿಂಗೇ ನಡೀತಿದ್ರು. ಚರ್ಮ ಹಾಕ್ಕಂಡ್ರೂ ನಡಿಗೆ ಬದ್ಲಾಯ್ತದಾ?"

ಅಪ್ಪ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದುಕೊಂಡರು. ಹೊಟ್ಟೆಯ ಹೊಲಿಗೆ ಬಂದ ಜಾಗದಲ್ಲಿ ನಿಲ್ಲಿಸು ಅಂದರು. ತುಂಬ ಹೊತ್ತು ನೋಡಿದರು.

"ಯಾವನೋ ದಬ್ಬಣದಲ್ಲಿ ಮೂಟೆ ಹೊಲ್ದಂಗೆ ಹೊಲ್ದವ್ನೆ" ಅಂದರು. "ಒಳಮುಖಕ್ಕೆ ಮಡಚಿ ಹಾಕಿದ್ರೆ ಕಾಣ್ತಾನೇ ಇರ್ಲಿಲ್ಲ."

ಅಜ್ಜಿಗೆ ನಗು ತಡೆಯಲಿಲ್ಲ. ಎಲ್ಲರೂ ನಕ್ಕರು. ಊಟಕ್ಕೆ ಎಬ್ಬಿಸಿದರು. ಮುದ್ದೆ, ಅವರೆಕಾಳು ಸಾರು. ಅಪ್ಪ ಬೇಡ ಬೇಡ ಅನ್ನುತ್ತಲೇ ಎರಡನೇ ಮುದ್ದೆ ಹಾಕಿಸಿಕೊಂಡರು.

ಆಮೇಲಿನ ಬೇಸಿಗೆಯಲ್ಲಿ ಅಜ್ಜಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಬಟವಾಡಿಯಲ್ಲೇ ಕ್ಲಿನಿಕ್ ಇದೆ, ನಮ್ಮನೆಗೇ ಬನ್ನಿ ಅಂತ ಅಪ್ಪನೇ ಫೋನ್ ಮಾಡಿ ಹೇಳಿದರು. ಆಪರೇಷನ್ ಆದ ಮೇಲೆ ಒಂದು ವಾರ ನಮ್ಮಲ್ಲೇ ಇದ್ದರು. ಎರಡೆರಡು ಗಂಟೆಗೆ ಡ್ರಾಪ್ಸ್ ಹಾಕಬೇಕಿತ್ತು. ಹಗಲು ಹೊತ್ತಿನಲ್ಲಿ ಅದು ಅಪ್ಪನ ಕೆಲಸ. ವಾಚು ಬಿಚ್ಚಿ ಮುಂದಿಟ್ಟುಕೊಂಡು ಕೂರೋರು. ನಾನು ಸ್ಕೂಲಿಂದ ಬಂದಾಗ ಇಬ್ಬರೂ ಹಜಾರದಲ್ಲಿ ಕೂತು ಈ ಸಲದ ಭತ್ತದ ಇಳುವರಿ, ಸೊಸೆಯ ಅಡುಗೆ, ನನ್ನ ಮಗಳ ಗಣಿತದ ಮಾರ್ಕ್ಸು, ಇಂಥದ್ದೇ ಮಾತಾಡುತ್ತಿರುತ್ತಿದ್ದರು. ನನ್ನನ್ನು ಕಂಡ ಕೂಡಲೇ ಅಪ್ಪ, "ಕಾಫಿ ಇಡಮ್ಮ, ಇವ್ರಿಗೆ ಸಕ್ರೆ ಕಮ್ಮಿ" ಅನ್ನೋರು.